ತಲೆಯ ಮೇಲಿನ ಪಟಪಟ

ಮನುಷ್ಯರನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮೇಲೆ ಚೀಟಿ ಅಂಟಿಸುವುದು ಒಂದು ಚಟ. ನಮ್ಮ ಅಡುಗೆಮನೆಯನ್ನೇ ನೋಡಿ. ಮೆಂತ್ಯ ಎಂದು ಬರೆದಿರುವ ಡಬ್ಬಿಯಲ್ಲಿ ಸಾಸಿವೆ ಇದೆ, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ ಇದೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು ಸುಖವಾಗಿದೆ. ಇದರಿಂದ ಯಾರಿಗೂ ಗಾಬರಿಯಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ, ಚೀಟಿಯ ಮೇಲೆ ಏನಿದೆಯೋ ಒಳಗೂ ಅದೇ ಇರಬೇಕು ಎಂದು ನಾವು ಹಟ ಹಿಡಿಯುತ್ತೇವೆ.

ನನ್ನ ಮೇಲೂ ಒಂದಷ್ಟು ಚೀಟಿಗಳಿವೆ. ನಾನು ಹುಟ್ಟಿ ಬೆಳೆದದ್ದು ಕಂಟೋನ್ಮೆಂಟ್ ಭಾಗದ ಹಲಸೂರಿನಲ್ಲಿ. ಕಂಟೋನ್ಮೆಂಟಿನವರಿಗೆ ಕನ್ನಡ ಬಾರದು ಎಂಬುದು ಬಸವನಗುಡಿಯ ನಮ್ಮ ನೆಂಟರ ದೃಢವಾದ ನಂಬಿಕೆ. ಮದುವೆ ಮನೆಗಳಲ್ಲಿ ಸಿಕ್ಕಿದಾಗ ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರಂತೆ ಕೈ ಹಿಡಿದುಕೊಂಡು, ನಿಮ್ಮ ಕಡೆ ಕನ್ನಡ ಪೇಪರ್ ಸಿಗುತ್ತದೆಯೇ ಎಂದು ಕೇಳುತ್ತಾರೆ. ಸಿಗುತ್ತದೆ, ಆದರೆ ಒಂದು ದಿನ ತಡವಾಗಿ ಹಡಗಿನಲ್ಲಿ ಬರುತ್ತದೆ ಎಂದು ಒಮ್ಮೆ ಹೇಳಿದ್ದೆ, ಪಾಪ, ನಂಬಿದರು. ಇತ್ತ ನಮ್ಮ ಕಡೆಯವರಾದರೂ ನನ್ನನ್ನು ಕನ್ನಡದವನೆಂದು ಒಪ್ಪಿಕೊಂಡಿದ್ದಾರೆಯೇ? ಹಲಸೂರು ಮಾರ್ಕೆಟ್ಟಿನ ಹೂವಿನವಳು ನನ್ನ ಬಣ್ಣ ನೋಡಿ ತಮಿಳಿನಲ್ಲಿ ಮಾತಾಡಿಸುತ್ತಾಳೆ. ಶಿವಾಜಿನಗರದ ಹಣ್ಣಿನಂಗಡಿಯವನು ಗಡ್ಡ ನೋಡಿ "ಆವೋ ಚಾಚಾ" ಎನ್ನುತ್ತಾನೆ. ಇಂದಿರಾನಗರದ ಬಟ್ಟೆ ಅಂಗಡಿಯ ಹುಡುಗಿ ಏನನ್ನು ನೋಡುತ್ತಾಳೋ ತಿಳಿಯದು, ಹಿಂದಿಯಲ್ಲಿ ಶುರು ಮಾಡುತ್ತಾಳೆ. ನಾನು ಅವರವರ ಭಾಷೆಯಲ್ಲೇ ಉತ್ತರ ಕೊಟ್ಟು, ಅವರೆಲ್ಲ ಅಂದುಕೊಂಡದ್ದೇ ಸರಿ ಎಂದು ಸಾಬೀತು ಮಾಡಿ ಮನೆಗೆ ಬರುತ್ತೇನೆ.

ಇಷ್ಟೆಲ್ಲ ಚೀಟಿ ಅಂಟಿಸಿಕೊಂಡವನಿಗೆ ಗೋಂದಿನ ಜಿಗುಟು ಗೊತ್ತಿರಬೇಕಲ್ಲವೇ? ಇನ್ನೊಬ್ಬರಿಗೆ ಅಂಟಿಸುವಾಗ ಕೈ ತಡೆಯಬೇಕಲ್ಲವೇ? ತಡೆಯಲಿಲ್ಲ. ಹೇಗೆಂದು ಹೇಳುತ್ತೇನೆ.

ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿ ಸರೋಜಳೂ ಕೆ.ಆರ್. ಪುರದ ಕಡೆ ಕಟ್ಟಿಸಿದ ಮನೆಯಲ್ಲಿದ್ದೇವೆ. ತಾರಸಿಯ ಮೇಲೆ ಒಂದು ರೂಮು. ಅದಕ್ಕೆ ಕಳೆದ ವರ್ಷ ಕಲಬುರಗಿ ಕಡೆಯ ಗಂಡಹೆಂಡತಿ ಬಾಡಿಗೆಗೆ ಬಂದರು. ಶರಣಪ್ಪ ಟೈಲ್ಸ್ ಹಾಕುವ ಕೆಲಸದವನು. ಬಸಮ್ಮ ಇಂದಿರಾನಗರದ ಒಂದು ಆಫೀಸಿನಲ್ಲಿ ಕಸಗುಡಿಸಿ ಒರೆಸುವವಳು. ಅವರು ಬಂದ ದಿನವೇ ಎದುರು ಮನೆಯ ಫಿಲೋಮಿನಾ ಆಂಟಿ ಗೇಟಿನ ಹತ್ತಿರ ಬಂದು ದನಿ ತಗ್ಗಿಸಿ ಎಚ್ಚರಿಸಿದರು. ಆಂಟಿ ಫ್ರೇಜರ್ ಟೌನಿನಲ್ಲಿ ಬೆಳೆದವರು, ಊರಿನ ಎಲ್ಲ ಭಾಷೆಗಳಲ್ಲೂ ಅನುಮಾನ ಪಡಬಲ್ಲವರು. ಆ ಕಡೆಯವರು ಒಳ್ಳೆಯವರೇ, ಆದರೆ ಬಹಳ ಫೈಟಿಂಗ್ ಎಂದರು.

ಮೊದಲನೆಯ ವಾರ ಬಸಮ್ಮ ಒಂದು ಡಬ್ಬಿಯ ತುಂಬ ಏನೋ ತಂದುಕೊಟ್ಟು "ಶೇಂಗಾ ಹಿಂಡಿ ಅದರಿ ಅಕ್ಕಾರ, ತಿನ್ರಿ" ಎಂದು ಹೇಳಿ ಹೋದಳು. ಸರೋಜ ತಬ್ಬಿಬ್ಬಾದಳು. ಅವಳ ತವರಿನಲ್ಲಿ ಹಿಂಡಿ ತಿನ್ನುತ್ತಿದ್ದದ್ದು ಎರಡು ಹಸು ಮತ್ತು ಒಂದು ಎಮ್ಮೆ ಮಾತ್ರ. ನಮ್ಮನ್ನು ಏನೆಂದು ತಿಳಿದುಕೊಂಡಿದ್ದಾಳೆ ಇವಳು ಎಂದು ಡಬ್ಬಿಯನ್ನು ಕಪಾಟಿನ ಮೇಲಕ್ಕೆ ತಳ್ಳಿದಳು. ನಾನು ಕದ್ದು ತೆಗೆದು ನೋಡಿದೆ. ಕಡಲೆಕಾಯಿ ಚಟ್ನಿಪುಡಿ. ಬಿಸಿ ಅನ್ನಕ್ಕೆ ಕಲಸಿ ತಿಂದೆ. ಎಮ್ಮೆಗಳ ಅದೃಷ್ಟ ದೊಡ್ಡದು ಎಂದುಕೊಂಡೆನೇ ಹೊರತು, ಈ ಒಂದು ಡಬ್ಬಿಯ ವಿಷಯದಲ್ಲಿ ತಪ್ಪಿದವರು ಇನ್ನೊಂದರಲ್ಲೂ ತಪ್ಪಬಹುದು ಎಂದು ನನಗೆ ಹೊಳೆಯಲಿಲ್ಲ.

ತೊಂದರೆ ಶುರುವಾದದ್ದು ಸದ್ದಿನಿಂದ. ಬೆಳಿಗ್ಗೆ ನಾವು ಕಾಫಿ ಕುಡಿಯುತ್ತಿದ್ದಂತೆ ಮೇಲಿನಿಂದ ಮಾತು ಕೇಳುತ್ತಿತ್ತು. ಮಾತು ಎಂದರೆ, ಕೆರೆಯ ಈ ದಡದಲ್ಲಿ ನಿಂತು ಆ ದಡದವನ ಜೊತೆ ಆಸ್ತಿ ವ್ಯಾಜ್ಯ ಆಡಿದ ಹಾಗೆ. ಅವನು ಒಂದು ಕೂಗಿದರೆ ಅವಳು ಎರಡು ಕೂಗುತ್ತಿದ್ದಳು. ಅದರ ಬೆನ್ನಿಗೇ ಸರಿಯಾಗಿ ನಮ್ಮ ತಲೆಯ ಮೇಲೆ ಪಟ, ಪಟ, ಪಟಪಟ. ಬರಿಗೈಯಲ್ಲಿ ಬಾರಿಸುವ ಸದ್ದು. ಸರೋಜ ಲೋಟ ಕೆಳಗಿಟ್ಟು ಮೇಲೆ ನೋಡುತ್ತಿದ್ದಳು. ಅವನು ಅವಳನ್ನು ಹೊಡೆಯುತ್ತಾನೆ ಎಂದು ಅವಳ ತೀರ್ಮಾನ. ಕಂಠವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅವಳೇ ಅವನನ್ನು ಹೊಡೆಯುತ್ತಿರಬೇಕು ಎಂದು ನನ್ನದು. ಇದನ್ನು ಕುರಿತು ನಾವಿಬ್ಬರೂ ಬಹಳ ದಿನ ಪಿಸುದನಿಯಲ್ಲಿ ವಾದ ಮಾಡಿದೆವು.

ಪಿಸುದನಿ ನಮ್ಮ ಮನೆತನದ ಆಸ್ತಿ. ಹಲಸೂರಿನ ವಠಾರದಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಇದ್ದದ್ದು ಹಲಗೆಯ ಗೋಡೆ. ಒಬ್ಬರು ಸೀನಿದರೆ ಪಕ್ಕದ ಮನೆಯವರು ನೂರು ವರ್ಷ ಬಾಳು ಎನ್ನುತ್ತಿದ್ದರು. ಅಜ್ಜಿ ಬೈಯುವುದಾದರೂ ಕಿವಿಯ ಹತ್ತಿರ ಬಂದು ಗುಟ್ಟಿನಂತೆ ಬೈಯುತ್ತಿದ್ದಳು. ಮೆತ್ತಗೆ ಮಾತಾಡುವುದೇ ಸಂಸ್ಕಾರ ಎಂದು ಕಲಿಸಿದಳು. ನಾನು ಅದನ್ನು ಸಂಸ್ಕಾರವೆಂದೇ ನಂಬಿ ಸರೋಜಳಿಗೂ ದಾಟಿಸಿದೆ. ಗೋಡೆಯ ವಿಷಯ ಮರೆತೇಹೋಗಿತ್ತು.

ಒಂದು ದಿನ ಬೆಳಿಗ್ಗೆ ಮೇಲಿನಿಂದ ಬಸಮ್ಮನ ದನಿ ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ ಬಂತು. "ಇವತ್ತ ನಿನ್ನ ಬಿಡಾಂಗಿಲ್ಲ ನೋಡು. ಹೊರಗ ಕಾಲಿಟ್ಟಿ ಅಂದ್ರ ಕಾಲು ಮುರೀತೀನಿ." ಅವನು ಏನೋ ನರಳಿದ. ಆಮೇಲೆ ಪಟಪಟ.

ಸರೋಜ ಎದ್ದು ನಿಂತಳು. ವಾದದಲ್ಲಿ ನಾನು ಗೆದ್ದಿದ್ದೆ, ಆದರೆ ಗೆದ್ದ ಮುಖ ಮಾಡುವ ಹೊತ್ತಾಗಿರಲಿಲ್ಲ. "ಯಾರು ಯಾರಿಗೆ ಹೊಡೀತಿದಾರೋ ಗೊತ್ತಿಲ್ಲ, ನಮ್ಮನೇಲಿ ಬೇಡ. ಈಗ್ಲೇ ಹೋಗಿ ರೂಮ್ ಖಾಲಿ ಮಾಡಿ ಅಂತ ಹೇಳ್ಬಿಟ್ಟು ಬನ್ನಿ" ಎಂದಳು. ಅದನ್ನೂ ಪಿಸುದನಿಯಲ್ಲೇ ಹೇಳಿದಳು.

ಮೆಟ್ಟಿಲು ಹತ್ತುತ್ತ ಹೇಳಬೇಕಾದ್ದನ್ನು ಅಭ್ಯಾಸ ಮಾಡಿಕೊಂಡೆ. ನಮ್ಮ ಕಡೆಯ ನೆಂಟರು ಬರುವವರಿದ್ದಾರೆ, ರೂಮು ಬೇಕಾಗಿದೆ ಎಂಬ ಹಳೆಯ ಸುಳ್ಳು. ಮೆಟ್ಟಿಲು ಮುಗಿಯುವ ಹೊತ್ತಿಗೆ ಆ ನೆಂಟರಿಗೆ ಹೆಸರೂ ಇಟ್ಟಿದ್ದೆ. ಬಾಗಿಲು ತೆರೆದೇ ಇತ್ತು. ಶರಣಪ್ಪ ಚಾಪೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದ, ಹಣೆಯ ಮೇಲೆ ಒದ್ದೆ ಬಟ್ಟೆ. ಬಸಮ್ಮ ನೆಲದ ಮೇಲೆ ಕೂತು, ಪರಾತವೆಂಬ ದೊಡ್ಡದೊಂದು ಮರದ ತಟ್ಟೆಯಲ್ಲಿ ಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ತಟ್ಟುತ್ತಿದ್ದಳು. ಪಟ, ಪಟ, ಪಟಪಟ. ಉಂಡೆ ಸುತ್ತುತ್ತ ಸುತ್ತುತ್ತ ಚಂದ್ರನ ಹಾಗೆ ಹರಡಿಕೊಳ್ಳುತ್ತಿತ್ತು. ನಮ್ಮ ತಾರಸಿ ಅಷ್ಟು ದಿನ ತಿಂದ ಪೆಟ್ಟೆಲ್ಲ ಇದೇ.

"ಬರ್ರಿ ಅಣ್ಣಾರ, ಕುಂದುರ್ರಿ" ಎಂದು ಬಸಮ್ಮ ಕೂಗಿದಳು. ನಾನು ಅವಳಿಂದ ಎರಡೇ ಮಾರು ದೂರದಲ್ಲಿದ್ದೆ. "ಮೈ ಸುಡ್ಲಾಕತ್ತದ ನೋಡ್ರಿ ಇವಂದು. ಕೆಲ್ಸಕ್ಕ ಹೋಗ್ತೀನಂತ ಎದ್ದು ನಿಂತಾನ. ಕಾಲು ಮುರೀತೀನಿ ಅಂದೆ, ಸುಮ್ಮ ಬಿದ್ದಾನ ಈಗ."

ನನ್ನ ನೆಂಟರು ಹೆಸರಿನ ಸಮೇತ ಗಂಟಲಲ್ಲೇ ಉಳಿದರು. ಜ್ವರ ಹೇಗಿದೆ ಎಂದು ಕೇಳಿದೆ, ಇಡೀ ಬೆಳಿಗ್ಗೆ ಅದನ್ನೇ ವಿಚಾರಿಸಲು ಕಾದಿದ್ದವನಂತೆ. ಬಸಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಕೈ ಒರೆಸಿಕೊಂಡು, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೊದಲ ಸಲ ದನಿ ತಗ್ಗಿಸಿದಳು. ಅವಳ ಮಟ್ಟಿಗೆ ತಗ್ಗಿದ ದನಿ ಎಂದರೆ ನಮ್ಮ ಮನೆಯ ಜಗಳದ ದನಿ.

"ಖರೇ ಹೇಳ್ರಿ ಅಣ್ಣಾರ. ನೀವೂ ಅಕ್ಕಾರೂ ಮಾತು ಬಿಟ್ಟೀರಿ, ಹೌದಿಲ್ಲೋ?"

ಮಾತು ಬಿಟ್ಟಿದ್ದೇವೆಯೇ ಎಂದು ನಾನು ತಿರುಗಿ ಕೇಳಿದೆ.

"ನಾವು ಬಂದಾಗಿಂದ ನಿಮ್ಮ ಮನ್ಯಾಗ ಒಂದು ದನಿ ಕೇಳಿಲ್ರಿ. ಹಬ್ಬದ ದಿನಾನೂ ಇಲ್ಲ. ಗಂಡ ಹೆಂಡ್ತಿ ಇದ್ದ ಮನಿ ಹಿಂಗಿರ್ತದೇನ್ರಿ? ನಾವು ಕಾಲಿಟ್ಟದ್ದಕ್ಕೇ ಹಿಂಗಾತೇನೋ ಅಂತ ನನಗ ರಾತ್ರಿ ನಿದ್ದಿ ಹತ್ತಂಗಿಲ್ಲ. ಬಾಣಸವಾಡಿ ಟೇಶನ್ ಕಡಿ ಬ್ಯಾರೆ ಖೋಲಿ ನೋಡು ಅಂತ ಇವಂಗ ಹೇಳೀನಿ."

ಕಂಬಳಿಯ ಒಳಗಿನಿಂದ ಶರಣಪ್ಪ ಜ್ವರದ ದನಿಯಲ್ಲೇ ಸೇರಿಸಿದ. ಖೋಲಿ ನೋಡುವುದು ಸುಲಭವಲ್ಲ. ಇಲ್ಲಿಗೆ ಬರುವ ಮೊದಲು ಕಲ್ಯಾಣ ನಗರದಲ್ಲಿ, ರಾಮಮೂರ್ತಿ ನಗರದಲ್ಲಿ, ಗೇಟಿನ ಹತ್ತಿರ ನಿಂತು ಖೋಲಿ ಅದ ಏನ್ರಿ ಎಂದು ಕೇಳಿದ ಕೂಡಲೇ ಒಳಗಿನಿಂದ ಇಲ್ಲ, ಕೊಟ್ಟಾಯಿತು ಎಂಬ ಉತ್ತರ. ಹೊರಗೆ ಟು ಲೆಟ್ ಬೋರ್ಡು ಗಾಳಿಗೆ ಅಲ್ಲಾಡುತ್ತಿತ್ತಂತೆ. ದಿನವೆಲ್ಲ ಟೈಲ್ಸ್ ಕೊಯ್ಯುವ ಮಷೀನಿನ ಪಕ್ಕ ಕೂಗಿ ಮಾತಾಡುವವನು ಅವನು. ಊರಲ್ಲಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದವಳು ಅವಳು. ಕೊನೆಗೆ ನಮ್ಮ ಮನೆಗೆ ಬಂದಾಗ ಇವನು ಬಾಯಿ ತೆರೆಯದೆ ಬೋರ್ಡಿನ ಕಡೆ ಬೆರಳು ತೋರಿಸಿದ್ದ. ಪಾಪ ಮಾತು ಬಾರದವನಿರಬೇಕು ಎಂದು ಆ ದಿನ ನಾನು ಸರೋಜಳಿಗೆ ಹೇಳಿದ್ದೂ ನಿಜ.

"ಇದೊಂದು ಮನಿ ಸಿಕ್ಕಿತ್ರಿ, ಯಾರೂ ಏನೂ ಅನ್ನದ ಮನಿ. ಬಿಟ್ಟು ಹೋಗ್ಲಾಕ ಮನಸಿಲ್ಲ ನಮಗ" ಎಂದ ಶರಣಪ್ಪ.

ಯಾರೂ ಏನೂ ಅನ್ನದ ಮನೆ. ನಾನು ಮೂರು ನಿಮಿಷದ ಹಿಂದೆ ಏನನ್ನಲು ಮೆಟ್ಟಿಲು ಹತ್ತಿದ್ದೆ ಎಂದು ಅವನಿಗೆ ಗೊತ್ತಿಲ್ಲ.  ಹೊರಗೆ ಹೋಗಿ ತಾರಸಿಯ ಅಂಚಿನಲ್ಲಿ ನಿಂತೆ. ಮದುವೆಯಾದಂದಿನಿಂದ ಮಾಡದ ಒಂದು ಕೆಲಸ ಮಾಡಿದೆ. "ಸರೋಜಾ, ಮೇಲೆ ಬಾರೇ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವಳು ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು, ನನಗೇ ಪೆಟ್ಟು ಬಿದ್ದಿರಬೇಕು ಎಂದು. ಬಸಮ್ಮ ಅವಳನ್ನು ನೋಡಿ, ನನ್ನನ್ನು ನೋಡಿ, "ಮಾತಾಡಿದ್ರು, ಮಾತಾಡಿದ್ರು" ಎಂದು ಗಂಡನನ್ನು ಅಲ್ಲಾಡಿಸಿದಳು. ಸರೋಜಳಿಗೆ ವಿಷಯ ಬಿಡಿಸಿ ಹೇಳುವ ಹೊತ್ತಿಗೆ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಅವಳು ಪರಾತವನ್ನು ನೋಡಿದಳು, ಹಿಟ್ಟನ್ನು ನೋಡಿದಳು, ಸೀರೆಯ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದಳು. ನಮ್ಮ ಮನೆಯಲ್ಲಿ ನಗುವೂ ಮೆತ್ತಗೇ. ಆದರೆ ಆ ದಿನ ಅದು ಸೆರಗಿನಲ್ಲಿ ಹಿಡಿಸಲಿಲ್ಲ. ಮಾತು ಬಿಟ್ಟಿಲ್ಲ ಕಣಮ್ಮ, ನಿಮ್ಮಿಬ್ಬರ ವಿಷಯದಲ್ಲಿ ನಾವು ದಿನವೂ ಜಗಳ ಆಡ್ತಿದ್ವಿ, ನಿನಗೆ ಕೇಳಿಸಲಿಲ್ಲ ಅಷ್ಟೆ ಎಂದಳು. ಆಮೇಲೆ ಕೆಳಗೆ ಹೋಗಿ ಕಷಾಯ ಮಾಡಿ ತಂದಳು. ಇಳಿಯುವಾಗ, ಹತ್ತುವಾಗ, ಬಾಣಸವಾಡಿಯ ಹೆಸರು ಎತ್ತಿದರೆ ನೋಡು ಎಂದು ಬಸಮ್ಮನಿಗೆ ಎರಡು ಸಲ ಎಚ್ಚರಿಕೆ ಕೊಟ್ಟಳು.

ಅವರು ಹೋಗಲಿಲ್ಲ. ಶರಣಪ್ಪನ ಜ್ವರ ಇಳಿಯಿತು, ದನಿ ಏರಿತು. ಅವರು ನಮಗಾಗಿ ಸ್ವಲ್ಪ ಮೆತ್ತಗೆ ಮಾತಾಡಲು ನೋಡುತ್ತಾರೆ. ನಾವು ಅವರು ಹೆದರದಿರಲಿ ಎಂದು ಸ್ವಲ್ಪ ಜೋರಾಗಿ ಮಾತಾಡುತ್ತೇವೆ. ಹೀಗೆಯೇ ನಡೆದರೆ ಮೆಟ್ಟಿಲಿನ ನಡುವೆ ಎಲ್ಲೋ ಸಂಧಿಸುತ್ತೇವೆ. ಸರೋಜ ಹಿಂಡಿಯ ಡಬ್ಬಿಯನ್ನು ಕಪಾಟಿನಿಂದ ಇಳಿಸಿದಾಗ ಅದು ಖಾಲಿಯಿತ್ತು. ನಾನು ತಪ್ಪನ್ನು ಇಲಿಗಳ ಮೇಲೆ ಹಾಕಿದೆ. ಈಗ ಅವಳೇ ಬಸಮ್ಮನ ಹತ್ತಿರ ರೊಟ್ಟಿ ತಟ್ಟುವುದನ್ನು ಕಲಿಯುತ್ತಿದ್ದಾಳೆ. ಇಲ್ಲಿಯವರೆಗೆ ಆದ ರೊಟ್ಟಿಗಳು ಕರ್ನಾಟಕದ ಒಂದೊಂದು ಜಿಲ್ಲೆಯ ಆಕಾರದಲ್ಲಿವೆ. ಬೀದರಿನಿಂದ ಶುರುಮಾಡಿದ್ದಾಳೆ, ಕೋಲಾರಕ್ಕೆ ಬರುವ ಹೊತ್ತಿಗೆ ದುಂಡಗಾದೀತು.

ಹೋದ ವಾರ ನನಗೆ ಕೆಮ್ಮು. ಆದರೂ ರಸೆಲ್ ಮಾರ್ಕೆಟ್ಟಿಗೆ ಒಂದು ಸುತ್ತು ಹೋಗಿ ಬರೋಣ ಎಂದು ಚೀಲ ಹಿಡಿದು ಹೊರಟೆ. ಅಡುಗೆಮನೆಯಲ್ಲಿ ಪಟಪಟ ನಿಂತಿತು. ಸರೋಜ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ತಾರಸಿಯ ಮೇಲಿನ ಗುರುವಿಗೂ ಕೇಳುವ ಹಾಗೆ, "ಹೊರಗೆ ಕಾಲಿಟ್ರೆ ಕಾಲು ಮುರೀತೀನ್ ರೀ" ಎಂದಳು. ಕಾಲು ಮುರಿಯುವಾಗಲೂ ಬಹುವಚನ ಬಿಡಲಿಲ್ಲ, ಅದು ನಮ್ಮ ಅಜ್ಜಿಯ ಪುಣ್ಯ. ಮೇಲಿನಿಂದ ಮೆಚ್ಚುಗೆಯ ಒಂದು ನಗು ಬಂತು. ನಾನು ಚೀಲ ಮಡಿಸಿಟ್ಟು ಜಗಲಿಯ ಮೇಲೆ ಕೂತೆ. ಒಳಗೆ ಪಟಪಟ ಮತ್ತೆ ಶುರುವಾಯಿತು.

ಸ್ವಲ್ಪ ಹೊತ್ತಿಗೆ ಫಿಲೋಮಿನಾ ಆಂಟಿ ಬೀದಿ ದಾಟಿ ಬಂದರು. ಅಡುಗೆಮನೆಯ ಕಿಟಕಿಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. "ನೀವು ಕನ್ನಡ್ ಪೀಪಲ್ ತುಂಬಾ ಸಾಫ್ಟ್ ಅಂದ್ಕೊಂಡಿದ್ದೆ" ಎಂದರು. ಅದು ರೊಟ್ಟಿ ಆಂಟಿ, ಆ ಮಾತೆಲ್ಲ ಪ್ರೀತಿ ಎಂದು ನಾನು ವಿವರಿಸಿದೆ. "ಎಲ್ರೂ ಹಾಗೇ ಹೇಳೋದು ಪಾಪ" ಎಂದು ಹೇಳಿ, ಸೆರಗಿನ ಮರೆಯಿಂದ ಒಂದು ನೋವಿನ ಬಾಮು ತೆಗೆದು ನನ್ನ ಕೈಯಲ್ಲಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದರು.

ಬಾಮನ್ನು ಸರೋಜಳ ಮಣಿಕಟ್ಟಿಗೆ ಹಚ್ಚಿದೆ. ರೊಟ್ಟಿ ತಟ್ಟಿ ತಟ್ಟಿ ಊದಿಕೊಂಡಿತ್ತು. ಆಂಟಿಯ ಮನೆಗೆ ಹೋಗಿ ನಿಜವನ್ನು ಮನದಟ್ಟು ಮಾಡಿ ಬರಬೇಕು ಎಂದು ಸರೋಜ ದಿನವೂ ಹೇಳುತ್ತಾಳೆ. ಹೋಗುತ್ತೇನೆ, ಖಂಡಿತ. ಆದರೆ ನಿನ್ನೆ ಆಂಟಿ ನನಗೊಬ್ಬನಿಗೇ ಎಂದು ಹೇಳಿ ಗೇಟಿನ ಸಂದಿಯಿಂದ ಪ್ಲಮ್ ಕೇಕು ಕೊಟ್ಟರು. ಅದು ಮುಗಿಯಲಿ.