ನೆಟ್ಟಗೆ ನಿಲ್ಲದ ಈರುಳ್ಳಿ

ಬಾಗಿದ್ದನ್ನು ಕಂಡರೆ ನನಗಾಗದು. ಇದು ಹುಟ್ಟುಗುಣವಲ್ಲ, ಸಂಬಳಕ್ಕಾಗಿ ಬೆಳೆಸಿಕೊಂಡದ್ದು. ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಶಾಫ್ಟುಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಶಾಫ್ಟ್ ಎಂದರೆ ಪಂಪಿನೊಳಗೆ ತಿರುಗುವ ಉಕ್ಕಿನ ಸರಳು. ಅದನ್ನು ಎರಡು ಮೊನೆಗಳ ನಡುವೆ ಕೂರಿಸಿ, ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ, ಮೇಲಿಟ್ಟ ಡಯಲಿನ ಮುಳ್ಳು ಅಲ್ಲಾಡುತ್ತದೋ ಇಲ್ಲವೋ ನೋಡಬೇಕು. ಅಲ್ಲಾಡಿದರೆ ಕೆಂಪು ಚೀಟಿ, ಇಲ್ಲದಿದ್ದರೆ ಹಸಿರು. ಇದನ್ನೇ ವರ್ಷಗಟ್ಟಲೆ ಮಾಡಿದವನಿಗೆ ಲೋಕವೆಲ್ಲ ಶಾಫ್ಟಾಗಿ ಕಾಣುತ್ತದೆ. ಮದುವೆ ಮನೆಯಲ್ಲಿ ಬಾಳೆಲೆಯ ಸಾಲು ಡೊಂಕಾಗಿದ್ದರೆ ನನಗೆ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. ಒಮ್ಮೆ ಮನೆಯಲ್ಲಿ ವಾಲಿದ್ದ ದೇವರ ಕ್ಯಾಲೆಂಡರನ್ನು ನೇರ ಮಾಡಲು ಹೋಗಿ ಮೊಳೆ, ಗಾರೆ, ಒಂದು ಇಟ್ಟಿಗೆಯ ಚೂರು ಎಲ್ಲವನ್ನೂ ಕೈಗೆ ತಂದುಕೊಂಡಿದ್ದೆ. "ದೇವ್ರು ವಾಲಿದ್ರೂ ಪರವಾಗಿಲ್ಲ ಕಣ್ರೀ, ಗೋಡೆ ಇರ್ಲಿ ನಮ್ಗೆ" ಎಂದಿದ್ದಳು ನನ್ನ ಹೆಂಡತಿ ಸುಜಾತ.

ಜಾಲಹಳ್ಳಿಯ ಹತ್ತಿರ ನಾವಿರುವ ಬಾಡಿಗೆ ಮನೆಗೆ ಹಿಂದುಗಡೆ ಒಂದಿಷ್ಟು ಮಣ್ಣಿನ ಜಾಗವಿದೆ. ಒಂದು ಎಮ್ಮೆ ಮಲಗಿದರೆ ಬಾಲ ಹೊರಗಿರುವಷ್ಟು ಜಾಗ. ಅದರ ಮೇಲೆ ಮೂವರ ಕಣ್ಣಿತ್ತು. ಮನೆಯ ಓನರ್ ಮುನಿಯಪ್ಪನವರು ಅಲ್ಲೊಂದು ಶೀಟಿನ ರೂಮು ಎಬ್ಬಿಸಿ ಬಾಡಿಗೆಗೆ ಕೊಡಬೇಕೆಂದಿದ್ದರು. ಅವರ ರಾಗಿ ಹೊಲವೆಲ್ಲ ಹಾಗೆಯೇ ರೂಮುಗಳಾಗಿದ್ದವು, ಉಳಿದದ್ದು ಇದೊಂದೇ. ಸುಜಾತಳಿಗೆ ಬಟ್ಟೆ ಒಣಗಿಸಲು ತಂತಿ ಬೇಕಿತ್ತು. ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು ಮಹಡಿಗೆ ಹತ್ತುವಾಗ ಅವಳ ಮಂಡಿ ನೋಯುತ್ತಿತ್ತು, ಹತ್ತಿದ ಮೇಲೂ ಮೇಲಿನ ಮನೆಯವರು ಒಂದು ಟವಲ್ಲಿಗೂ ಎಡೆ ಬಿಡುತ್ತಿರಲಿಲ್ಲ. ನನಗೆ ಅಲ್ಲಿ ಈರುಳ್ಳಿ ಬೆಳೆಯಬೇಕಿತ್ತು. ಈರುಳ್ಳಿ ಬೆಲೆ ಗಗನಕ್ಕೇರಿ, ಹೋಟೆಲಿನಲ್ಲಿ ಈರುಳ್ಳಿ ದೋಸೆ ಕೇಳಿದರೆ ಸಪ್ಲೈಯರ್ ನಮ್ಮ ಮುಖವನ್ನೊಮ್ಮೆ ನೋಡಿ ಒಳಗೆ ಹೋಗುತ್ತಿದ್ದ ಕಾಲ ಅದು.

ಸುಜಾತ ಹುಟ್ಟಿ ಬೆಳೆದದ್ದು ಚಳ್ಳಕೆರೆಯ ಕಡೆ. ಅವಳ ತವರಿನಲ್ಲಿ ಈರುಳ್ಳಿಯನ್ನು ಚೀಲದಲ್ಲಿ ಅಳೆಯುವುದಿಲ್ಲ, ಲಾರಿಯಲ್ಲಿ ಅಳೆಯುತ್ತಾರೆ. ಆದರೂ ಅವಳು ಮಾತು ಬೆಳೆಸಲಿಲ್ಲ. "ಯುಗಾದಿವರ್ಗೂ ಜಾಗ ನಿಮ್ದು. ಹೊಸತೊಡಕಿನ ಮಟನ್ ಸಾರಿಗೆ ನಿಮ್ಮ ಈರುಳ್ಳಿ ಬಂದ್ರೆ ಆಮೇಲೂ ನಿಮ್ದೇ. ಬರ್ಲಿಲ್ವಾ, ತಂತಿ ಕಟ್ಕೊಡ್ಬೇಕು" ಎಂದಳು. ಯುಗಾದಿಯ ದಿನ ಒಬ್ಬಟ್ಟು, ಮರುದಿನದ ಹೊಸತೊಡಕಿಗೆ ಮಾಂಸದ ಸಾರು. ನಮ್ಮ ಕಡೆ ವರ್ಷ ಶುರುವಾಗುವುದೇ ಆ ಸಾರಿನಿಂದ. ನಾನು ಒಪ್ಪಿದೆ. ಮನೆಯಲ್ಲಿ ಟಿವಿ ರಿಮೋಟು ಅವಳದು, ಮಂಚದ ಗಾಳಿಯ ಕಡೆ ಅವಳದು, ಸ್ಕೂಟರಿನ ಡಿಕ್ಕಿಯೂ ಅವಳ ತರಕಾರಿ ಚೀಲದ್ದು. ನನ್ನದು ಅಂತ ಒಂದು ತುಂಡು ಜಾಗ ಬೇಕೆನ್ನುವ ಆಸೆ ನನಗೆ ನಿಜವಾಗಿಯೂ ಇತ್ತು.

ದೀಪಾವಳಿ ಕಳೆದ ಮೇಲೆ ಸಸಿ ತಂದು ನೆಟ್ಟೆ. ಉಕ್ಕಿನ ಸ್ಕೇಲಿಟ್ಟು, ದಾರ ಹಿಡಿದು, ಒಂದೊಂದನ್ನೂ ಗೆರೆಗೆ ಕೂರಿಸಿದೆ. ಸಸಿಗಳೂ ನನ್ನ ಮರ್ಯಾದೆ ಉಳಿಸಿದವು. ಎಲೆಗಳು ಕೊಳವೆಯಂತೆ ಮೇಲೆದ್ದು ಕವಾಯತಿಗೆ ನಿಂತವರ ಹಾಗೆ ನಿಂತವು. ನಾನು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವುಗಳ ಮುಂದೆ ಹಾದುಹೋಗುತ್ತಿದ್ದೆ. ಕಾರ್ಖಾನೆಯಲ್ಲಿ ದಿನವೂ ಕೆಂಪು ಚೀಟಿ ಅಂಟಿಸಿ ಎಲ್ಲರಿಂದ ಬೈಸಿಕೊಳ್ಳುವವನಿಗೆ, ಒಂದೂ ತಪ್ಪಿಲ್ಲದ ಮಾಲನ್ನು ನೋಡುವ ಸುಖ ಎಂಥದೆಂದು ನಿಮಗೆ ಹೇಗೆ ಹೇಳಲಿ? ಹಸಿರು ಚೀಟಿ ಅಂಟಿಸಬೇಕೆಂದರೆ ಅವು ಮೊದಲೇ ಹಸಿರಾಗಿದ್ದವು.

ಶಿವರಾತ್ರಿಯ ಹೊತ್ತಿಗೆ ಒಂದು ಗಿಡ ಕುತ್ತಿಗೆ ಬಗ್ಗಿಸಿತು. ಮರುದಿನ ಅದರ ಪಕ್ಕದ್ದು. ವಾರ ಕಳೆಯುವುದರೊಳಗೆ ಅರ್ಧ ಪಾತಿಯೇ ನೆಲಕ್ಕೆ ಒರಗಿತು. ಒಂದೊಂದನ್ನೇ ಕೈಯಲ್ಲಿ ಎತ್ತಿ ನಿಲ್ಲಿಸಿದೆ, ಬಿಟ್ಟ ಕೂಡಲೇ ಮತ್ತೆ ಒರಗಿದವು. ಸುಜಾತ ಕಿಟಕಿಯಿಂದ ನೋಡಿ, "ಮಲಗಿದ್ರೆ ಮಲಗ್ಲಿ ಬಿಡ್ರೀ. ಈರುಳ್ಳಿ ಮಲಗ್ತು ಅಂದ್ರೆ ಬಲೀತು ಅಂತ. ನೀರು ನಿಲ್ಲಿಸಿ, ಒಂದು ವಾರ ಬಿಟ್ಟು ಕೀಳಿ" ಎಂದಳು.

ನೋಡಿದಿರಾ ಸಂಚು? ತಂತಿ ಬೇಕಾದವಳು ಗಿಡ ಕೀಳಿ ಎನ್ನುತ್ತಾಳೆ. ನಾನು ಮುಗುಳ್ನಕ್ಕು ಇನ್ನೊಂದು ಬಕೆಟ್ಟು ನೀರು ಹುಯ್ದೆ. ಸಂಜೆ ಮುನಿಯಪ್ಪನವರೂ ಬಂದರು. ಪಂಚೆ ಎತ್ತಿ ಕಟ್ಟಿ ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಸಾರ್, ಆಗೋಯ್ತಲ್ಲ ಇದು. ಇಂಗೇ ಬುಟ್ರೆ ಕೊಳ್ತೋಯ್ತದೆ, ಕಿತ್ತಾಕಿ" ಎಂದರು. ಶೀಟಿನ ರೂಮು ಇವರ ಕಣ್ಣಲ್ಲೇ ಕುಣಿಯುತ್ತಿದೆ ಅನ್ನಿಸಿತು. ಇಬ್ಬರೂ ಒಂದೇ ಮಾತು ಹೇಳಿದ್ದರಿಂದ ಇಬ್ಬರೂ ಮಾತಾಡಿಕೊಂಡೇ ಬಂದಿದ್ದಾರೆಂದು ನನಗೆ ಖಾತ್ರಿಯಾಯಿತು. ಇಬ್ಬರೂ ಹೇಳುತ್ತಿರುವುದು ನಿಜವೇ ಇರಬಹುದು ಎಂಬ ಇನ್ನೊಂದು ಸಾಧ್ಯತೆ ಹೊಳೆಯಲೇ ಇಲ್ಲ.

ಹಿತಾಸಕ್ತಿಯಿಲ್ಲದ ಮನುಷ್ಯನೊಬ್ಬ ಬೇಕಿತ್ತು. ನಮ್ಮ ಟೂಲ್ ರೂಮಿನ ಮಹಾದೇವನಿಗೆ ಈ ಜಾಗದ ಮೇಲೆ ಆಸೆ ಇರಲಿಲ್ಲ, ಈರುಳ್ಳಿಯ ಬಗ್ಗೆ ಜ್ಞಾನವೂ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ: ಯಾವುದು ಬಾಗಿದರೂ ಅದಕ್ಕೊಂದು ಫಿಕ್ಸ್ಚರ್, ಅಂದರೆ ಹಿಡಿದು ನಿಲ್ಲಿಸುವ ಚೌಕಟ್ಟು, ಮಾಡುವುದು. ಕ್ಯಾಂಟೀನಿನಲ್ಲಿ ವಿಷಯ ಹೇಳಿದಾಗ ಅವನು ಚಿತ್ರಾನ್ನ ತಿನ್ನುವುದನ್ನೇ ನಿಲ್ಲಿಸಿದ. "ಕೆಳಗಿಂದ ಕೋಲು ಕೊಟ್ರೆ ಬೇರು ಡ್ಯಾಮೇಜ್ ಆಗುತ್ತೆ ಸಾರ್. ಮೇಲಿಂದ ಎಳೀಬೇಕು. ನಾಲ್ಕು ಮೂಲೇಲಿ ಪೋಸ್ಟು, ಮೇಲೆ ತಂತಿ, ತಂತಿಯಿಂದ ಒಂದೊಂದ್ ಗಿಡಕ್ಕೂ ದಾರ. ನಿಂತ್ಕೊಂಡೇ ದಾರ ಬಿಗಿ ಮಾಡೋ ಹಂಗೆ ಎತ್ತರಕ್ಕೆ ಹಾಕ್ಬಿಡೋಣ" ಎಂದ. ಇಂಥ ಮನುಷ್ಯರಿಂದಲೇ ಕಾರ್ಖಾನೆ ನಡೆಯುತ್ತದೆ ಎಂದುಕೊಂಡೆ.

ಭಾನುವಾರ ಅವನು ಗುಜರಿಯಿಂದ ಆರಿಸಿದ ಕಬ್ಬಿಣದ ಕಂಬಗಳೊಂದಿಗೆ ಬಂದ. ನೆಲ ಅಗೆದು, ಕಾಂಕ್ರೀಟು ಹಾಕಿ, ಕಂಬ ನೆಟ್ಟು, ಜಿಐ ತಂತಿಯನ್ನು ಸ್ಕ್ರೂ ಹಾಕಿ ಬಿಗಿದೆವು. ನಾನು ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆ. ಗುಳ್ಳೆ ನಟ್ಟನಡುವೆ ಕೂತಿತು. ಆಮೇಲೆ ಒಂದೊಂದು ಗಿಡದ ಕುತ್ತಿಗೆಗೂ ಹೂ ಕಟ್ಟುವ ದಾರ ಸುತ್ತಿ ಮೇಲಕ್ಕೆ ಎತ್ತಿದೆವು. ಸುಜಾತ ಎರಡು ಲೋಟ ಕಾಫಿ ತಂದಿಟ್ಟು, ಪಾತಿಯನ್ನು ನೋಡದೆ ತಂತಿಯನ್ನೇ ನೋಡಿ, "ಗಟ್ಟಿ ಇದ್ಯಾ?" ಎಂದು ಕೇಳಿದಳು. "ಆನೆ ನೇತ್ಹಾಕ್ಬೋದು ಅಕ್ಕ" ಎಂದ ಮಹಾದೇವ. ಅವಳು ಕೊನೆಗೂ ನನ್ನ ತೋಟದಲ್ಲಿ ಆಸಕ್ತಿ ತೋರಿದಳೆಂದು ನನಗೆ ಸಂತೋಷವಾಯಿತು.

ಮುನಿಯಪ್ಪನವರು ಮಾತ್ರ ಬಹಳ ಹೊತ್ತು ನಿಂತು ನೋಡಿ, "ಆಸ್ಪತ್ರೇಲಿ ಕಾಲ್ ಮುರ್ಕೊಂಡೋರ್ನ ನೇತಾಕಿದಂಗೈತೆ ಸಾರ್. ಇವುಕ್ಕೆ ಎಳ್ನೀರು ಗಿಳ್ನೀರು ಕೊಡ್ತಾ ಇದೀರಾ?" ಎಂದರು. ಎಳನೀರು ಕೊಡಲಿಲ್ಲ. ಕೊಳವೆಬಾವಿಯ ನೀರನ್ನೇ ಬೆಳಿಗ್ಗೆ ಸಂಜೆ ಧಾರಾಳವಾಗಿ ಹುಯ್ದೆ. ಎಲೆಗಳು ಹಳದಿಯಾದವು, ಆದರೆ ನೆಟ್ಟಗೆ ಹಳದಿಯಾದವು. ಒಂದೆರಡು ಒಣಗಿಯೇ ಹೋದವು. ಅವೂ ನೆಟ್ಟಗೆ ಒಣಗಿದವು.

ಹೊಸತೊಡಕಿನ ಬೆಳಿಗ್ಗೆ ಮಟನ್ ತಂದಿಟ್ಟು, ಬುಟ್ಟಿ ಹಿಡಿದು ಪಾತಿಗೆ ಇಳಿದೆ. ಮೊದಲನೆಯ ದಾರ ಹಿಡಿದು ಎಳೆದಾಗ ಎಲೆ ಮಾತ್ರ ಕೈಗೆ ಬಂತು. ಮಣ್ಣು ಕೆದಕಿದೆ. ಒಳಗೆ ಇದ್ದದ್ದನ್ನು ಈರುಳ್ಳಿ ಎಂದು ಕರೆಯಲು ನಾಲಿಗೆ ಹೊರಳಲಿಲ್ಲ. ಒತ್ತಿದರೆ ಮೆತ್ತಗೆ ಜಾರಿತು, ಅದರ ವಾಸನೆಗೆ ಕಾಂಪೌಂಡಿನ ಮೇಲಿದ್ದ ಬೆಕ್ಕು ಎದ್ದು ಹೋಯಿತು. ಪಾತಿಯ ಕೊನೆಯವರೆಗೂ ಅದೇ ಕಥೆ. ಬಲಿತು ಮಲಗಿದ್ದ ಒಳ್ಳೆಯ ಈರುಳ್ಳಿಯನ್ನು ನಾನು ಎಬ್ಬಿಸಿ ನಿಲ್ಲಿಸಿ, ನೀರು ಕುಡಿಸಿ ಕೊಳೆಸಿದ್ದೆ. ಖಾಲಿ ಬುಟ್ಟಿ ಹಿಡಿದು ಅಡುಗೆಮನೆಗೆ ಹೋಗುವಾಗ ನಿಜಕ್ಕೂ ನಾಚಿಕೆಯಾಯಿತು. ಸುಜಾತ ಆಗಲೇ ಈರುಳ್ಳಿ ಹೆಚ್ಚುತ್ತಿದ್ದಳು. ಹಿಂದಿನ ದಿನವೇ ತಳ್ಳುಗಾಡಿಯವನಿಂದ ತೆಗೆದುಕೊಂಡಿದ್ದಳಂತೆ.

"ಮಾತಿಗೆ ತಪ್ಪಲ್ಲ, ತಂತಿ ಕಟ್ಟಿಕೊಡ್ತೀನಿ" ಎಂದೆ.

"ಕಟ್ಟಾಯ್ತಲ್ರೀ" ಎಂದಳು ಅವಳು. "ಇಷ್ಟು ಗಟ್ಟಿಯಾಗಿ, ಇಷ್ಟು ನೆಟ್ಟಗೆ ಇಡೀ ಬೀದೀಲಿ ಯಾರ ಮನೇಲೂ ಇಲ್ಲ. ಆ ದಾರಗಳ್ನ ಕಿತ್ಬಿಡಿ, ಸಾಕು."

ಮಧ್ಯಾಹ್ನ ಸಾರು ಚೆನ್ನಾಗಿತ್ತು, ದುಃಖದಲ್ಲಿದ್ದ ನಾನು ಮೂರು ಸಲ ಹಾಕಿಸಿಕೊಂಡೆ. ದಾರ ಕಿತ್ತು, ಕೊಳೆತದ್ದನ್ನೆಲ್ಲ ಬಾಚಿ ತೆಗೆದ ಮೇಲೆ ಹಿತ್ತಿಲಲ್ಲಿ ಅವಳ ಸೀರೆಗಳು ಒಂದು ಚೂರೂ ಜೋಲದ ತಂತಿಯ ಮೇಲೆ ಒಣಗುತ್ತಿದ್ದವು. ಅವುಗಳ ನೆರಳಿನಲ್ಲಿ ಚಾಪೆ ಹಾಸಿ, ಕುತ್ತಿಗೆ ಒಂದು ಕಡೆಗೆ ವಾಲಿಸಿ ಒರಗಿದೆ. ಕಣ್ಣು ಹತ್ತುವ ಹೊತ್ತಿಗೆ ಮುನಿಯಪ್ಪನವರ ದನಿ ಕೇಳಿಸಿತು. ರೂಮಿನ ವಿಷಯ ಮಾತಾಡಲು ಬಂದಿದ್ದರು. "ಏನಮ್ಮಾ, ಸಾರ್ ಇಂಗ್ ಬಿದ್ಕಂಡವ್ರೆ, ಎಬ್ಬಿಸ್ಲಾ?"

"ಬ್ಯಾಡ ಬಿಡಿ ಅಣ್ಣ" ಎಂದಳು ಸುಜಾತ ಬಾಗಿಲಿಂದಲೇ. "ಈಗ್ಲಾದ್ರೂ ಬಲ್ತಿದಾರೇನೋ, ಮಲಗ್ಲಿ."