ಬಿಳಿಬೆನ್ನ ಬಾತಿನ ರುಚಿ

ಆಲ್ಟನ್ ಟಲ್‌ಗೆ ದೋಣಿ ಹತ್ತಿದರೆ ವಾಂತಿ. ಚೆಸಪೀಕ್ ಕೊಲ್ಲಿಯ ದಡದಲ್ಲಿ, ಮೂರು ತಲೆಮಾರು ಏಡಿ ಹಿಡಿದೇ ಬದುಕಿದ ಮನೆತನದಲ್ಲಿ ಹುಟ್ಟಿ ಇಂಥ ಹೊಟ್ಟೆ ಇಟ್ಟುಕೊಂಡವನು ಶಾಲೆಯ ಬಸ್ಸು ಓಡಿಸದೆ ಇನ್ನೇನು ಮಾಡಿಯಾನು? ಆದರೆ ಬಾತುಬೇಟೆಯ ಹುಚ್ಚು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಗಟ್ಟಿ ನೆಲದ ಮೇಲೆ ಕೂತು ಗುಂಡು ಹಾರಿಸಲು ಒಂದು ಮರೆಗುಡಿಸಲು ಸಿಕ್ಕರೆ ಸಾಕು, ಜನ್ಮ ಸಾರ್ಥಕ ಎನ್ನುತ್ತಿದ್ದ.

ನಮ್ಮ ಕಡೆ ದಡದ ಜಮೀನಿನ ಒಡೆಯರು ಕಾಗದದಲ್ಲಿ ಯಾರ ಹೆಸರು ಬರೆದುಕೊಡುತ್ತಾರೋ ಅವರು ಮಾತ್ರ ಅಲ್ಲಿನ ಗುಡಿಸಲಲ್ಲಿ ಕೂರಬಹುದು. ಊರಿಗೆಲ್ಲ ಒಳ್ಳೆಯ ಜಾಗವೆಂದರೆ ಮಿಸ್ ಯೂಲಾ ಅವರದು. ಅವರ ಗಂಡ ಕ್ಯಾಪ್ಟನ್ ಹಾರ್ಲನ್ ನಲವತ್ತು ವರ್ಷ ಅಲ್ಲಿ ಕೂತು ಬೇಟೆಯಾಡಿ, ಕಳೆದ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಗುಡಿಸಲು ಖಾಲಿ, ಊರಿಗೆಲ್ಲ ಅದರ ಮೇಲೆ ಕಣ್ಣು.

ಹೋದ ಭಾನುವಾರ ಮಿಸ್ ಯೂಲಾ ಚರ್ಚಿನ ಮೆಟ್ಟಿಲ ಮೇಲೆ ನಿಂತು ಘೋಷಿಸಿಯೇಬಿಟ್ಟರು. “ಶನಿವಾರಕ್ಕೆ ಅವರು ಹೋಗಿ ವರ್ಷ ತುಂಬುತ್ತೆ. ಪ್ರತಿ ಚಳಿಗಾಲ ಬಿಳಿಬೆನ್ನ ಬಾತು ತಂದು, ಪುಕ್ಕ ಕಿತ್ತು, ತಾವೇ ಬೇಯಿಸಿ ನನ್ನ ತಟ್ಟೆಗೆ ಹಾಕ್ತಿದ್ರು. ನನ್ನನ್ನ ಅಡುಗೆಮನೆಯಿಂದ ಆಚೆ ಓಡಿಸ್ತಿದ್ರು. ಶನಿವಾರ ನಾಲ್ಕು ಗಂಟೆಗೆ ಯಾರು ನಂಗೆ ಬಿಳಿಬೆನ್ನ ಬಾತು ತಿನ್ನಿಸ್ತಾರೋ, ಗುಡಿಸಲು ಅವರಿಗೆ.”

ಊರಿನ ಉಳಿದವರು ವಾರವಿಡೀ ಕೊಲ್ಲಿಯಲ್ಲೇ ಇದ್ದರೂ ಯಾರಿಗೂ ಬಿಳಿಬೆನ್ನ ಬೀಳಲಿಲ್ಲ. ಆಲ್ಟನ್‌ಗೆ ಬಸ್ಸಿಗೆ ರಜೆ ಇದ್ದದ್ದೇ ಶನಿವಾರ. ಗುಡಿಸಲು ಸಿಗಬೇಕಾದರೆ ಅವತ್ತೊಂದು ದಿನ ದೋಣಿ ಹತ್ತಲೇಬೇಕು!

“ನಾನಿಲ್ವೇನೋ?” ಎಂದ ಪಕ್ಕದ ಮನೆಯ ರಾಸ್ಕೊ ಮೆಸಿಕ್. ಸಿಂಪಿ ಹಿಡಿಯುವ ರಾಸ್ಕೊಗೆ ಎರಡು ದೋಣಿ, ಬಾಯಿ ಮಾತ್ರ ನಾಲ್ಕಾಳಿನದು. “ಚಪ್ಪಟೆ ದೋಣೀಲಿ ನೀನು ಮಲಗು. ದೊಡ್ಡ ದೋಣೀಲಿ ನಾನು ದೂರ ನಿಂತಿರ್ತೀನಿ. ಬಿದ್ದ ಬಾತು ಎತ್ಕೊಂಡು ಬರೋದು ನನ್ನ ಕೆಲಸ. ಹೆದರ್ಕೋಬೇಡ.”

ಚಪ್ಪಟೆ ದೋಣಿ ಎಂದರೆ ಹೆಸರಿಗೆ ದೋಣಿ. ನೀರಿನ ಮಟ್ಟಕ್ಕೇ ತೇಲುವ ಅದರಲ್ಲಿ ಬಂದೂಕು ಎದೆಗಿಟ್ಟುಕೊಂಡು ಅಂಗಾತ ಮಲಗಬೇಕು. ಹಾರುವ ಬಾತುಗಳನ್ನು ಸೆಳೆಯಲು ಸುತ್ತ ಬಣ್ಣ ಬಳಿದ ಮರದ ಬಾತುಗಳು ತೇಲುತ್ತಿರುತ್ತವೆ. ಶನಿವಾರ ಬೆಳಿಗ್ಗೆ ಅದರಲ್ಲಿ ಮಲಗಿದ ಅರ್ಧ ಗಂಟೆಗೇ ಆಲ್ಟನ್ ಬೆಳಗಿನ ಕಾಫಿಯನ್ನು ಕೊಲ್ಲಿಗೆ ಒಪ್ಪಿಸಿದ.

“ಮರದ ಬಾತುಗಳ ಮೇಲೆ ಮಾಡ್ಬೇಡ್ವೋ! ಮೊನ್ನೆ ತಾನೆ ಬಣ್ಣ ಹೊಡ್ದಿದೀನಿ!” ಎಂದು ದೂರದಿಂದ ರಾಸ್ಕೊ ಕೂಗಿದ.

ಬಂದದ್ದೆಲ್ಲ ಗರಗಸಮೂತಿ ಬಾತುಗಳು. ಅವು ಬರೀ ಮೀನು ತಿನ್ನುವ ಜಾತಿ, ಬೇಯಿಸಿದರೆ ಹಳೆಯ ಮೀನುಬಲೆಯನ್ನು ಕುದಿಸಿದ ವಾಸನೆ. ಆಲ್ಟನ್ ಅವುಗಳತ್ತ ಬಂದೂಕು ಎತ್ತಲಿಲ್ಲ. ಹತ್ತು ಗಂಟೆಗೆ ಗಾಳಿ ತಿರುಗಿತು. ಅಲೆ ಅಂಚು ಹಾರಿ ಒಳಗೆ ಬಂತು. ಬೆನ್ನ ಕೆಳಗೆ ಹಿಮದಂಥ ನೀರು, ಬೆರಳಿಗೆ ಸ್ಪರ್ಶವಿಲ್ಲ.

“ಸಾಕು ಬಾರೋ! ಮುಳುಗ್ತೀಯ!”

“ಹತ್ತು ನಿಮಿಷ!”

“ಹತ್ತು ನಿಮಿಷಕ್ಕೆ ನಿನ್ನನ್ನೇ ಬಲೆ ಹಾಕಿ ಎತ್ಬೇಕಾಗುತ್ತೆ!”

ಆಗ ಬಂದವು. ಕೆಂಗಂದು ತಲೆ, ಒಗೆದು ಹಾಕಿದಂಥ ಬಿಳಿ ಬೆನ್ನು, ಐದು ಬಾತು, ನೀರಿಗೆ ತಾಗುವಷ್ಟು ಕೆಳಗೆ. ಸರಿಯಾಗಿ ಅದೇ ಗಳಿಗೆಗೆ ಆಲ್ಟನ್‌ನ ಹೊಟ್ಟೆ ಗಂಟಲಿಗೆ ಬಂತು. ಬಾಯಿ ಬಿಗಿಹಿಡಿದು, ನುಂಗಿಕೊಂಡು, ಎದ್ದು ಕೂತು ಹೊಡೆದ. ತಪ್ಪಿತು. ಮತ್ತೆ ಹೊಡೆದ. ಒಂದು ಬಿತ್ತು. ಬಿದ್ದದ್ದು ತಲೆಯೆತ್ತಿ ಅವನನ್ನೊಮ್ಮೆ ನೋಡಿ ಬುಳಕ್ಕನೆ ಮುಳುಗಿತು!

“ಅಯ್ಯೋ, ಸತ್ತಿಲ್ಲ ಕಣೋ!” ರಾಸ್ಕೊ ದೋಣಿ ತಿರುಗಿಸಿದ.

ಮುಳುಗುವ ಬಾತಿಗೆ ಗಾಯವಾದರೆ ಎಲ್ಲಿ ಮುಳುಗುತ್ತದೋ, ಎಲ್ಲಿ ಏಳುತ್ತದೋ ದೇವರೇ ಬಲ್ಲ. ಎಡಗಡೆ ಎದ್ದಿತು, ಮುಳುಗಿತು. ರಾಸ್ಕೊನ ದೋಣಿಯ ಹಿಂದೆಯೇ ಎದ್ದಿತು, ಅವನು ತಿರುಗುವಷ್ಟರಲ್ಲಿ ಇಲ್ಲ. ಆಲ್ಟನ್‌ನ ಬಂದೂಕಿನಲ್ಲಿ ಉಳಿದದ್ದು ಒಂದೇ ಗುಂಡು. ಉಸಿರು ಬಿಗಿಹಿಡಿದು ಕೂತ. ಇಪ್ಪತ್ತು ಮಾರು ದೂರದಲ್ಲಿ ಕೆಂಪು ತಲೆ ಕಂಡಿತು. ಹೊಡೆದ. ಬಾತು ಮಗುಚಿಕೊಂಡು ಬಿಳಿ ಹೊಟ್ಟೆ ತೋರಿಸಿತು. ಆಲ್ಟನ್ ಗಟ್ಟಿಯಾಗಿ ಅತ್ತೇಬಿಟ್ಟ.

ದೊಡ್ಡ ದೋಣಿಗೆ ಹತ್ತಿದರೆ ಅಲ್ಲಿ ಒಂದು ಗರಗಸಮೂತಿ ಬಿದ್ದಿತ್ತು. ರಾಸ್ಕೊ ಹೊಡೆದದ್ದು.

“ಆ ದರಿದ್ರ ಯಾಕೋ?”

“ನಿನ್ನ ಒಳ್ಳೇದಕ್ಕೇ. ಮುದುಕಿಗೆ ಎರಡೂ ಬಡಿಸೋಣ. ಇದರ ನಾತ ಮೂಗಿಗೆ ಹೊಡೆದ ಮೇಲೆ ನಿನ್ನದು ಅಮೃತ ಅನ್ನಿಸ್ಬೇಕು.”

ಆಲ್ಟನ್ ವಾದ ಮಾಡಲು ಬಾಯಿ ತೆರೆದ. ಬಾಯಿಯಿಂದ ಬೇರೇನೋ ಬಂತು.

ಆಲ್ಟನ್ ತನ್ನ ಮನೆಗೆ ಬಂದರೆ ರಾಸ್ಕೊನ ಹೆಂಡತಿ ವರ್ನಾ ಹಾಲಿನ ಪಾತ್ರೆ ಹಿಡಿದು ಅಡುಗೆಮನೆಯಲ್ಲೇ ಕಾಯುತ್ತಿದ್ದಳು. “ಹಾಲಲ್ಲಿ ನೆನೆಹಾಕು ಆಲ್ಟನ್, ಮೀನಿನ ನಾತ ಹೋಗುತ್ತೆ. ಹೊಟ್ಟೆಯೊಳಗೆ ಈರುಳ್ಳಿ ತುಂಬು. ಸೋಡಾ ಹಾಕು.”

“ವರ್ನಾ, ಇದು ನೀರೊಳಗಿನ ಹುಲ್ಲುಗಡ್ಡೆ ತಿಂದು ಕೊಬ್ಬಿದ ಬಿಳಿಬೆನ್ನ! ಉಪ್ಪು, ಕರಿಮೆಣಸು, ಬೆಣ್ಣೆ, ಅಷ್ಟೇ. ಅದೆಲ್ಲ ನಿನ್ನ ಗಂಡನ ಹಕ್ಕಿಗೆ ಮಾಡಿಕೋ ಹೋಗು.”

ಕೆಂಡದಂಥ ಓವನ್ನಿನಲ್ಲಿ ಇಪ್ಪತ್ತು ನಿಮಿಷ. ವರ್ನಾ ಎರಡು ಸಲ ಬಾಗಿಲು ತೆಗೆಯಲು ಹೋದಳು, ಎರಡು ಸಲವೂ ಆಲ್ಟನ್ ಅಡ್ಡ ನಿಂತ. ಹೊರಗೆ ತೆಗೆದಾಗ ಚರ್ಮ ಗರಿಗರಿ, ಒಳಗೆ ಕೆಂಪು, ರಸ ತೊಟ್ಟಿಕ್ಕುತ್ತಿತ್ತು. ಚೂರು ಬಾಯಿಗಿಟ್ಟುಕೊಂಡ ವರ್ನಾ ಹಾಲಿನ ಪಾತ್ರೆ ಕೆಳಗಿಟ್ಟು ಇನ್ನೊಂದು ಚೂರಿಗೆ ಕೈ ಚಾಚಿದಳು. ಪಕ್ಕದ ಮನೆಯಲ್ಲಿ ಗರಗಸಮೂತಿ ಬೇಯುತ್ತಿದ್ದ ವಾಸನೆಗೆ ರಾಸ್ಕೊನ ನಾಯಿ ರಸ್ತೆ ದಾಟಿ ಹೋಗಿ ಕೂತಿತ್ತು.

ನಾಲ್ಕು ಗಂಟೆಗೆ ಇಬ್ಬರೂ ತಟ್ಟೆ ಹಿಡಿದು ಹೋದರು. ಮಿಸ್ ಯೂಲಾ ಒಳ್ಳೆಯ ಗೌನು ತೊಟ್ಟು, ಗಂಡನ ಕುರ್ಚಿಯನ್ನೂ ಮೇಜಿಗೆ ಎಳೆದಿಟ್ಟು ಕೂತಿದ್ದರು. ಗುಡಿಸಲಿನ ಕಾಗದ, ಪೆನ್ನು ಪಕ್ಕದಲ್ಲೇ.

ಆಲ್ಟನ್‌ನ ಬಾತಿನ ತುಂಡು ಬಾಯಿಗೆ ಹೋಯಿತು. ಅವರು ಅಗಿದರು. ಹುಬ್ಬು ಗಂಟಿಕ್ಕಿತು.

“ಇದೇನೋ ಇದು? ದನದ ಮಾಂಸ ತಂದು ಬಾತು ಅಂತ ನಂಬಿಸ್ತಿದೀಯಾ?”

“ಮಿಸ್ ಯೂಲಾ, ಸತ್ಯವಾಗ್ಲೂ ಬಿಳಿಬೆನ್ನ—”

“ನಲವತ್ತು ವರ್ಷ ತಿಂದಿದೀನಪ್ಪ. ನಂಗೆ ಹೇಳಿಕೊಡ್ತೀಯಾ?” ತಟ್ಟೆ ಆಚೆ ತಳ್ಳಿದರು. ಆಮೇಲೆ ಮೂಗು ಅರಳಿತು. ರಾಸ್ಕೊನ ತಟ್ಟೆಯತ್ತ ತಿರುಗಿ ಒಂದು ತುಂಡು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರು ಇಳಿಯಿತು.

“ಇದೇ. ಇದೇ ನನ್ನ ಹಾರ್ಲನ್‌ನ ಬಿಳಿಬೆನ್ನ. ಈ ರುಚಿ ಇನ್ನು ಸಿಗೋದೇ ಇಲ್ಲ ಅಂದ್ಕೊಂಡಿದ್ದೆ.”

ಆಲ್ಟನ್‌ಗೆ ತಲೆ ಗಿರ್ರೆಂದಿತು. ಕೊಲ್ಲಿಗೇ ಹೆಸರಾದ ಕ್ಯಾಪ್ಟನ್ ಹಾರ್ಲನ್ ನಲವತ್ತು ವರ್ಷ ಹೆಂಡತಿಗೆ ಗರಗಸಮೂತಿ ತಿನ್ನಿಸಿದ್ದರು! ಒಂದು ಮಾತು ಹೇಳಿದರೆ ಸಾಕು, ಗುಡಿಸಲು ತನ್ನದು. ಬಾಯಿ ತೆರೆದ. ಮುದುಕಿ ಖಾಲಿ ಕುರ್ಚಿಯ ಕಡೆ ನೋಡಿ ನಗುತ್ತಿದ್ದರು, ವರ್ಷದಿಂದ ಯಾರೂ ಕಾಣದ ನಗು. ಆಲ್ಟನ್ ಬಾಯಿ ಮುಚ್ಚಿದ.

“ಸುಮ್ನೆ ನಿಲ್ಬೇಡ, ನೀನೂ ತಿಂದು ಕಲಿ,” ಎಂದು ಅವರು ಒಂದು ದೊಡ್ಡ ತುಂಡನ್ನು ಅವನ ಕೈಗಿತ್ತರು. ಆಲ್ಟನ್ ಉಸಿರಾಡದೆ ನುಂಗಿದ.

“ಹೆಂಗಿದೆ?”

“ಬಿಳಿಬೆನ್ನ ಅಂದ್ರೆ ಇದೇ, ಮೇಡಂ.”

ಕಾಗದದ ಮೇಲೆ ರಾಸ್ಕೊನ ಹೆಸರು ಬಿತ್ತು. “ಈ ಚಳಿಗಾಲವಿಡೀ ಶನಿವಾರಕ್ಕೊಂದು ತಂದ್ಕೊಡಪ್ಪ,” ಎಂದರು ಮಿಸ್ ಯೂಲಾ.

ಹೊರಗೆ ಬಂದ ಮೇಲೆ ರಾಸ್ಕೊ ಟೋಪಿ ತೆಗೆದು ತಲೆ ಕೆರೆದುಕೊಂಡ.

“ನಂಗೂ ಬೇಜಾರಾಯ್ತು ಕಣೋ. ಆದ್ರೆ ಒಂದು ಪಜೀತಿ ಇದೆ. ಗರಗಸಮೂತಿ ಈಗೀಗ ದಡದ ಹತ್ರ ಬರಲ್ಲ, ನಡುನೀರಲ್ಲೇ ಇರುತ್ತೆ. ನಾನೋ ಇನ್ಮೇಲೆ ಗುಡಿಸಲಲ್ಲಿ ಕೂರ್ಬೇಕು.”

“ಅದಕ್ಕೆ?”

“ಚಪ್ಪಟೆ ದೋಣಿ ಖಾಲಿ ಬಿದ್ದಿರುತ್ತೆ. ಶನಿವಾರ ಬೆಳಿಗ್ಗೆ ಐದಕ್ಕೆ ರೆಡಿ ಇರು.”