ಐದು ಅಂಕಿಯ ಪರದೆ

ಜ್ವರದ ಮಗುವಿಗಾಗಿ ತಾಯಿ ಥರ್ಮಾಮೀಟರ್ ಕೊಳ್ಳುವ ಹಾಗೆ ಎಬೊ ಆ ಪುಟ್ಟ ಪರದೆಯನ್ನು ಕೊಂಡು ತಂದ. ಅವನ ಕಂಪ್ಯೂಟರಿಗೂ ಒಂಥರಾ ಜ್ವರವೇ. ದೊಡ್ಡ ಕೆಲಸಕ್ಕೆ ಹಚ್ಚಿದರೆ ಸಾಕು, ಬಿಸಿಯಾಗುತ್ತ ಆಗುತ್ತ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿಬಿಡುತ್ತಿತ್ತು. ಯಾವ ಭಾಗ ಎಷ್ಟು ಕಾಯುತ್ತಿದೆ ಎಂದು ನೋಡೋಣವೆಂದರೆ ದೊಡ್ಡ ಪರದೆಯ ತುಂಬ ಅವನು ಜೋಡಿಸುತ್ತಿದ್ದ ವಿಡಿಯೋ ಚಿತ್ರವೇ ಹರಡಿಕೊಂಡಿರುತ್ತಿತ್ತು. ಹಾಗಾಗಿ ಟಾಕೊರಾಡಿ ಪಟ್ಟಣದ ಮಾರ್ಕೆಟ್ ಸರ್ಕಲ್‌ನಲ್ಲಿ ಹಳೆಯ ಫೋನ್ ಬಿಚ್ಚುವವನ ಹತ್ತಿರ ಅಂಗೈಯಗಲದ ಇನ್ನೊಂದು ಪರದೆ ಹುಡುಕಿ ತಂದು, ಶುಕ್ರವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿಯ ಮಗ್ಗುಲಿಗೆ ಅಂಟಿಸಿದ. ತಂತಿ ಸಿಕ್ಕಿಸಿದೊಡನೆ ಐದು ಅಂಕಿಗಳು ಬಣ್ಣಬಣ್ಣವಾಗಿ ಬೆಳಗಿದವು. ಮೂರು ಅಂಕಿ ಒಳಗಿನ ಮೂರು ಭಾಗಗಳ ಕಾವು, ಒಂದು ಫ್ಯಾನಿನ ಓಟ, ಒಂದು ಮೆಮೊರಿಯ ಭಾರ.

ಆ ದಿನ ಕಂಪ್ಯೂಟರ್ ಕಣ್ಣು ಮುಚ್ಚುವಂತೆಯೇ ಇರಲಿಲ್ಲ. ಬೈಡು ಮನೆತನದ ಅಜ್ಜಿ ನಾನಾ ಎಸಿ ತೀರಿಕೊಂಡು ತಿಂಗಳಾಗಿತ್ತು. ಅಲ್ಲಿನ ಪದ್ಧತಿಯಂತೆ ಈಗ ಶನಿವಾರ ಮಣ್ಣು, ಶುಕ್ರವಾರ ಸಂಜೆ ಜಾಗರಣೆ. ಜಾಗರಣೆಯಲ್ಲಿ ನೆಂಟರಿಷ್ಟರ ಮುಂದೆ ತೋರಿಸಲು ಅಜ್ಜಿಯ ಜೀವನದ ವಿಡಿಯೋ ಚಿತ್ರವನ್ನು ಎಬೊ ಮಾಡುತ್ತಿದ್ದ. ಸಂಜೆ ಐದಕ್ಕೆ ಅದು ಬೈಡು ಮನೆತನದ ಮನೆ ಸೇರಬೇಕಿತ್ತು. ನಾನಾ ಎಸಿಯ ಮೊಮ್ಮಗಳು ಅರಾಬಾ. ಅರಾಬಾಳನ್ನು ಮದುವೆಯಾಗಬೇಕೆಂಬುದು ಎಬೊನ ಎರಡು ವರ್ಷದ ಆಸೆ. ಅಲ್ಲಿ ಹೆಣ್ಣು ಕೇಳಲು ಜಿನ್ ಬಾಟಲಿ ಹಿಡಿದು ಬಾಗಿಲು ತಟ್ಟಬೇಕೆಂದರೆ ಮೊದಲು ಅವಳ ಸೋದರಮಾವ ವೋಫಾ ಬೈಡು ಹೂಂ ಅನ್ನಬೇಕು. ವೋಫಾ ಎರಡು ವರ್ಷವೂ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

"ಮೊದಲು ನಮ್ಮಮ್ಮನ್ನ ಚೆನ್ನಾಗಿ ಕಳಿಸಿಕೊಡು. ಬಾಗಿಲು ತಟ್ಟೋ ಮಾತು ಆಮೇಲೆ," ಅಂದಿದ್ದ ಆತ. "ಚಿತ್ರ ಹೊತ್ತಿಗೆ ಬರಲಿಲ್ಲವೋ, ನಮ್ಮ ಬೀದಿಗೂ ಬರಬೇಡ."

ಚೂರುಚೂರಾಗಿದ್ದ ಚಿತ್ರವನ್ನೆಲ್ಲ ಒಂದಾಗಿ ಕೂಡಿಸಿ ಹೊರತೆಗೆಯಲು ಕಂಪ್ಯೂಟರಿಗೆ ಮೂರು ಗಂಟೆ ಬೇಕು. ಎಬೊ ಒಂಬತ್ತಕ್ಕೆ ಅದನ್ನು ಹಚ್ಚಿ, ಕಿಟಕಿ ಪೂರಾ ತೆರೆದು, ಟೇಬಲ್ ಫ್ಯಾನನ್ನು ಡಬ್ಬಿಯ ಕಡೆ ತಿರುಗಿಸಿ, ಪುಟ್ಟ ಪರದೆಯ ಮುಂದೆ ಕೂತ. ಅರವತ್ತೆರಡು, ಎಪ್ಪತ್ತೊಂದು, ನಲವತ್ತು. ಪರವಾಗಿಲ್ಲ, ಮಗು ನಿದ್ದೆ ಮಾಡುತ್ತಿದೆ.

ಹತ್ತು ಗಂಟೆಗೆ ಮನೆಯೊಡತಿ ಆಂಟಿ ಎಕುವಾ ಬಾಗಿಲು ತಳ್ಳಿಕೊಂಡು ಬಂದಳು. ಒಂದೇ ಅಂಗಳದ ಸುತ್ತ ಎಂಟು ಕೋಣೆ ಇದ್ದ ಆ ಮನೆಯಲ್ಲಿ ಅವಳಿಗೆ ಯಾರ ಬಾಗಿಲೂ ಬಾಗಿಲಲ್ಲ.

"ಫೋನ್ ಒಂಚೂರು ಚಾರ್ಜಿಗೆ ಹಾಕಪ್ಪ, ಎಬೊ. ಅಯ್ಯ, ಇದೇನಿದು?"

"ಕಾವು ನೋಡೋದು, ಆಂಟಿ."

"ಐದು ಅಂಕಿ ಇದೆ."

"ಹೂಂ, ಐದು."

"ಒಂದೂ ತೊಂಬತ್ತು ದಾಟಿಲ್ಲ."

"ದಾಟಿದ್ರೆ ಕೆಟ್ಟೋಗುತ್ತೆ."

"ದಾಟಲ್ಲ ಅನ್ನೋದು ನಂಗೂ ಗೊತ್ತಪ್ಪ," ಎಂದಳು ಆಂಟಿ, ಬಹಳ ಮೆಲ್ಲಗೆ. ಫೋನನ್ನು ಮರೆತು ಹಾಗೇ ಹಿಂದೆ ಹಿಂದೆ ನಡೆದು ಹೊರಗೆ ಹೋದಳು.

ಎಬೊಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆ ಊರಲ್ಲಿ ಲಾಟರಿಯೆಂದರೆ ಒಂದರಿಂದ ತೊಂಬತ್ತರೊಳಗಿನ ಐದು ಅಂಕಿ. ಸಂಜೆ ಏಳಕ್ಕೆ ರೇಡಿಯೋದಲ್ಲಿ ಅವು ಬೀಳುತ್ತವೆ. ಎರಡು ಅಂಕಿ ತಾಳೆಯಾದರೂ ಗೆದ್ದಂತೆ. ಮುಂಜಾನೆಯಿಂದ ಏಳರವರೆಗೆ ಆ ಅಂಗಳದ ಜನ ಕನಸಲ್ಲಿ, ಬಸ್ಸಿನ ನಂಬರಿನಲ್ಲಿ, ಪಾದ್ರಿ ಓದಿದ ಅಧ್ಯಾಯದಲ್ಲಿ ಅವನ್ನೇ ಹುಡುಕುತ್ತಿದ್ದರು.

ಐದು ನಿಮಿಷ ಕಳೆಯುವಷ್ಟರಲ್ಲಿ ಪಾಪಾ ಆರ್ಥರ್ ಬಂದರು. ರೈಲ್ವೆಯಲ್ಲಿ ಟಿಕೆಟ್ ಕೊಡುತ್ತಿದ್ದವರು. ನಿವೃತ್ತರಾದ ಮೇಲೆ ಬಿದ್ದ ಅಂಕಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಬೀಳುವ ಅಂಕಿಗಳನ್ನು ಲೆಕ್ಕ ಹಾಕುವುದೇ ಅವರ ಕೆಲಸವಾಗಿತ್ತು. ಅವರ ಬೆನ್ನಿಗೆ ಪಕ್ಕದ ಕೋಣೆಯ ದರ್ಜಿ ಎಸ್ಸುಮಾನ್, ಕೊರಳಲ್ಲಿ ಅಳತೆಪಟ್ಟಿ ಸಮೇತ. ಅವನ ಬೆನ್ನಿಗೆ ಆಂಟಿ, ಆಂಟಿಯ ಬೆನ್ನಿಗೆ ಮಿಕ್ಕ ಕೋಣೆಗಳೆಲ್ಲ.

ಪಾಪಾ ಆರ್ಥರ್ ಕನ್ನಡಕ ಏರಿಸಿ ಪರದೆಯ ಮುಂದೆ ಬಾಗಿದರು. "ಯಾರು ಕಳಿಸ್ತಿರೋದು ಇದನ್ನ?"

"ಯಾರೂ ಇಲ್ಲ, ಪಾಪಾ. ಒಳಗಿಂದ ಬರುತ್ತೆ."

"ಒಳಗಿಂದ," ಎಂದು ಪಾಪಾ ಮಿಕ್ಕವರ ಕಡೆ ತಿರುಗಿ ತಲೆಯಾಡಿಸಿದರು. ಹುಡುಕುತ್ತಿದ್ದ ಗಂಟು ಕೈಗೆ ಸಿಕ್ಕಿದ ವೈದ್ಯರ ಹಾಗೆ ಇತ್ತು ಅವರ ಮುಖ. "ಈಗ ಒಳಗೆ ಯಾರದು ಕೆಲಸ ನಡೀತಿದೆ?"

"ನಾನಾ ಎಸಿ ಅವರದು. ಅವರ ಚಿತ್ರ..."

ಕೋಣೆಗೆ ಕೋಣೆಯೇ ಡಬ್ಬಿಯತ್ತ ಒಂದು ಹೆಜ್ಜೆ ಸರಿಯಿತು. ತೀರಿಕೊಂಡ, ಇನ್ನೂ ಮಣ್ಣಾಗದ, ಊರಿಗೇ ದೊಡ್ಡವಳಾದ ಮುದುಕಿ ಡಬ್ಬಿಯೊಳಗೆ ಕೂತು ಐದು ಅಂಕಿ ಕೊಡುತ್ತಿದ್ದಾಳೆ.

"ಪಾಪಾ, ಇದು ಬರೀ ಬಿಸಿ," ಎಂದ ಎಬೊ.

"ನಾವು ಏನಂದ್ವಿ? ಬಿಸಿಬಿಸಿ ಅಂಕಿ ಅಂತಲೇ ತಾನೆ?" ಎಂದ ಎಸ್ಸುಮಾನ್, ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆಯುತ್ತ.

ತೊಂದರೆಯೆಂದರೆ ಅಂಕಿಗಳು ನಿಲ್ಲುತ್ತಿರಲಿಲ್ಲ. ಅರವತ್ತೆರಡು ಬರೆದುಕೊಳ್ಳುವುದರೊಳಗೆ ಅದು ಅರವತ್ತಾರು. ಮೂರು ಉಸಿರಿನಷ್ಟು ಹೊತ್ತು ನಿಂತದ್ದೇ ನಿಜವಾದ ಅಂಕಿ ಎಂದು ಪಾಪಾ ಆರ್ಥರ್ ತೀರ್ಪು ಕೊಟ್ಟರು. ಎಲ್ಲರೂ ಒಟ್ಟಿಗೆ ಉಸಿರೆಳೆದು ಬಿಡತೊಡಗಿದರು. ಹದಿನಾಲ್ಕು ಜನರ ಉಸಿರಿಗೆ ಕೋಣೆ ಸಾರಿನ ಪಾತ್ರೆಯಂತೆ ಕುದಿಯಿತು.

"ರಸ್ತೆಯೋರು ಇಣುಕ್ತಿದಾರೆ," ಎಂದು ಎಸ್ಸುಮಾನ್ ಕಿಟಕಿ ಮುಚ್ಚಿದ.

"ಕಿಟಕಿ ತೆಗೀರಿ, ಕೈ ಮುಗೀತೀನಿ," ಎಂದ ಎಬೊ. ಎಪ್ಪತ್ತೊಂಬತ್ತು.

"ಗಾಳಿಗೇ ಕಣೋ ಅಂಕಿ ಅಲ್ಲಾಡ್ತಿರೋದು," ಎಂದು ಪಾಪಾ ಆರ್ಥರ್ ಟೇಬಲ್ ಫ್ಯಾನನ್ನು ಆರಿಸಿದರು.

"ಪಾಪಾ, ಅದು ಸತ್ತೋಗುತ್ತೆ."

"ಸತ್ತಿರೋರು ಮತ್ತೆ ಸಾಯ್ತಾರೇನೋ?"

ಆಂಟಿ ಎಕುವಾಗೆ ಬೆಳಗಿನ ಜಾವದ ಕನಸಿನಲ್ಲಿ ಮೀನು ಬಂದಿತ್ತು. ಅವಳ ಲೆಕ್ಕದಲ್ಲಿ ಮೀನೆಂದರೆ ಎಂಬತ್ತೆಂಟು. ಅಂಕಿ ಎಂಬತ್ತೈದಕ್ಕೆ ಬಂದು ತಡವರಿಸಿದ್ದೇ, ಅವಳು ಹೆಗಲ ಮೇಲಿನ ಬಟ್ಟೆ ತೆಗೆದು ಡಬ್ಬಿಗೆ ಹೊದಿಸಿ, ಎರಡೂ ಕೈಯಿಂದ ಅಪ್ಪಿಕೊಂಡಳು. "ಬಾ ನನ್ನವ್ವ. ಇನ್ನು ಮೂರೇ ಮೂರು."

ಎಂಬತ್ತಾರು. ಎಂಬತ್ತೆಂಟು. ತೊಂಬತ್ತು.

ಎರಡೂ ಪರದೆ ಒಟ್ಟಿಗೆ ಕಪ್ಪಾದವು. ನೂರರಲ್ಲಿ ಅರವತ್ತೊಂದು ಪಾಲು ಮುಗಿದಿದ್ದ ಚಿತ್ರ ಮಣ್ಣುಪಾಲಾಯಿತು. ಗಂಟೆ ಹನ್ನೊಂದು.

"ನಾನಾ ಎಸಿಗೆ ಸಿಟ್ಟು ಬಂತು," ಎಂದರು ಪಾಪಾ ಆರ್ಥರ್.

"ಸಿಟ್ಟಲ್ಲ, ಬಿಸಿಯಾಯ್ತು. ನೀವೆಲ್ಲ ಸೇರಿ ಬಿಸಿ ಮಾಡಿದ್ರಿ."

"ಸಿಟ್ಟು ಬಂದ್ರೆ ಬಿಸಿಯಾಗದೆ ತಣ್ಣಗಾಗುತ್ತೇನೋ?"

ಎಬೊ ಬೇಡಿಕೊಂಡ. ಅರಾಬಾಳ ಹೆಸರು ಹೇಳಿದ, ವೋಫಾನ ಮಾತು ಹೇಳಿದ. ಎಲ್ಲರೂ ಕನಿಕರದಿಂದಲೇ ಕೇಳಿಸಿಕೊಂಡರು. ಆಂಟಿ ಎಕುವಾ ಅವನ ತಲೆ ಸವರಿ, "ನಿನ್ನ ಕಷ್ಟ ನಮ್ಮ ಕಷ್ಟ ಅಲ್ಲವೇನಪ್ಪ. ಅಂಕಿ ಐದೂ ನಿಂತುಬಿಡಲಿ, ಒಂದು ಗಳಿಗೆ ಇಲ್ಲಿರಲ್ಲ," ಎಂದಳು. ಡಬ್ಬಿ ತಣಿಯುವವರೆಗೆ ಊಟ ಮುಗಿಸಿ ಬರೋಣವೆಂದು ಎಲ್ಲರೂ ಅಂಗಳಕ್ಕೆ ಎದ್ದರು. ಮೆಕ್ಕೆಜೋಳದ ಕೆಂಕೆ ಉಂಡೆಯ ಎಲೆ ಬಿಚ್ಚುವ ಸದ್ದು, ಕರಿದ ಮೀನಿನ ವಾಸನೆ ಒಳಗೂ ಬಂದವು. ಬಾಗಿಲಿಗೆ ಅಡ್ಡವಾಗಿ ಪಾಪಾ ಆರ್ಥರ್ ತಮ್ಮ ಕುರ್ಚಿ ಹಾಕಿಕೊಂಡಿದ್ದರು.

ಅಂಕಿ ನಿಲ್ಲಬೇಕು, ಅಷ್ಟೆ ತಾನೆ, ಎಂದುಕೊಂಡ ಎಬೊ, ಡಬ್ಬಿ ತಣಿದೊಡನೆ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುತ್ತ. ಅಳತೆಯ ಬದಲು ನಮಗೆ ಬೇಕಾದ್ದನ್ನು ಬರೆದು ನಿಲ್ಲಿಸುವ ಸೌಕರ್ಯ ಆ ಪುಟ್ಟ ಪರದೆಗಿತ್ತು. ಯಾವುದಾದರೂ ಐದು ಅಂಕಿ ಬೇಕು. ಯೋಚಿಸುವಷ್ಟು ಹೊತ್ತು ಇರಲಿಲ್ಲ. ಎದುರಿಗೆ ದೊಡ್ಡ ಪರದೆಯಲ್ಲಿ ಚಿತ್ರದ ಮೊದಲ ಪುಟ ತೆರೆದಿತ್ತು: ವಯಸ್ಸು ಎಂಬತ್ತೇಳು, ಮಕ್ಕಳು ಒಂಬತ್ತು, ಮೊಮ್ಮಕ್ಕಳು ಮೂವತ್ತೊಂದು, ಮರಿಮಕ್ಕಳು ಐವತ್ತನಾಲ್ಕು, ಮಣ್ಣಿನ ತಾರೀಕು ಹದಿನಾಲ್ಕು. ಅವನ್ನೇ ಒಂದೊಂದಾಗಿ ಒತ್ತಿ, ದೊಡ್ಡ ಪರದೆಯನ್ನು ಆರಿಸಿ, ಬಾಗಿಲಾಚೆ ಕೂಗಿದ. "ಪಾಪಾ, ನಿಂತುಬಿಟ್ಟವು ನೋಡಿ."

ಪಾಪಾ ಆರ್ಥರ್ ಬಂದು ಮೂರಲ್ಲ, ಮೂವತ್ತು ಉಸಿರು ಎಣಿಸಿದರು. ಅಂಕಿಗಳು ಕಲ್ಲಿನಲ್ಲಿ ಕೆತ್ತಿದಂತೆ ನಿಂತಿದ್ದವು. ಮುದುಕರ ಕಣ್ಣಲ್ಲಿ ನೀರಾಡಿತು. ಎಲ್ಲರೂ ಅಂಗೈ ಮೇಲೆ, ಕೆಂಕೆ ಎಲೆಯ ಮೇಲೆ, ಎಸ್ಸುಮಾನ್ ಯಾರದೋ ಹೊಲಿಯದ ಪ್ಯಾಂಟಿನ ಮೇಲೆ ಅಂಕಿ ಬರೆದುಕೊಂಡು ಲಾಟರಿ ಗೂಡಿನತ್ತ ಓಡಿದರು.

"ನೀನೂ ಬಾರೋ," ಎಂದು ಕರೆದಳು ಆಂಟಿ.

"ನಂಗೆ ಕೆಲಸ ಇದೆ, ಆಂಟಿ." ಬಂದ ನಗುವನ್ನು ಎಬೊ ಕೆಮ್ಮಿನಲ್ಲಿ ಅಡಗಿಸಿಕೊಂಡ.

ಅಂಗಳ ಬರಿದಾಯಿತು. ಕಿಟಕಿ ತೆರೆದು, ಫ್ಯಾನ್ ಹಾಕಿ, ಒಂದೂವರೆಗೆ ಚಿತ್ರವನ್ನು ಮತ್ತೆ ಮೊದಲಿಂದ ಹಚ್ಚಿದ. ಪುಟ್ಟ ಪರದೆಯನ್ನು ಮುಟ್ಟಲು ಧೈರ್ಯವಾಗಲಿಲ್ಲ. ಯಾರಾದರೂ ಇಣುಕಿದಾಗ ಅಂಕಿ ಬದಲಾಗಿದ್ದರೆ ಮತ್ತೆ ಹದಿನಾಲ್ಕು ಜನ. ಹೀಗಾಗಿ ಕಾವು ನೋಡಲೆಂದೇ ತಂದ ಪರದೆ ಎಂಬತ್ತೇಳು, ಒಂಬತ್ತು ಎಂದು ಕಣ್ಣು ಬಿಟ್ಟುಕೊಂಡು ಕೂತಿರಲು, ಎಬೊ ಮೂರು ಗಂಟೆ ಕಾಲ ಡಬ್ಬಿಯ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು, ಇನ್ನೊಂದು ಕೈಯಿಂದ ರಟ್ಟು ಬೀಸುತ್ತ ಕೂತ. ಥರ್ಮಾಮೀಟರ್ ಇಲ್ಲದ ಕಾಲದ ತಾಯಂದಿರು ಹೀಗೆಯೇ ಕೂರುತ್ತಿದ್ದದ್ದು.

ನಾಲ್ಕೂವರೆಗೆ ಚಿತ್ರ ಹೊರಬಂತು. ಐದಕ್ಕೆ ಐದು ನಿಮಿಷವಿರುವಾಗ ಎಬೊ ಬೈಡು ಮನೆಯಲ್ಲಿದ್ದ.

ವೋಫಾ ಬೈಡು ಚಪ್ಪರದಡಿ ಕೂತು ಪೂರ್ತಿ ನೋಡಿದ. ಮೊದಲ ಪುಟವನ್ನು ಎರಡು ಸಲ ಓದಿಸಿದ. "ಅಮ್ಮನ ಬಣ್ಣ ಒಂಚೂರು ತಿಳಿ ಮಾಡಿದೀಯ," ಎಂದ. ಆಮೇಲೆ ಮೂಗು ಸೀನಿಕೊಂಡು, "ಪರವಾಗಿಲ್ಲ. ಚೆನ್ನಾಗಿ ಕಾಣ್ತಾಳೆ. ನಾಳೆ ಮಣ್ಣು ಮುಗೀಲಿ. ಭಾನುವಾರ ನಿಮ್ಮೋರನ್ನ ಕರ್ಕೊಂಡು ಬಂದು ಬಾಗಿಲು ತಟ್ಟು," ಎಂದ. ಅಡುಗೆ ಕಡೆಯ ಬಾಗಿಲಲ್ಲಿ ನಿಂತಿದ್ದ ಅರಾಬಾ ಸೌಟಿನ ಹಿಂದೆ ನಕ್ಕಳು.

ಎಬೊ ಮನೆಗೆ ನಡೆದು ಬಂದನೋ ತೇಲಿ ಬಂದನೋ. ಸ್ನಾನ ಮಾಡಿ, ಜಾಗರಣೆಗೆ ಹೋಗಲು ಕಪ್ಪು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ ಅಂಗಳದಲ್ಲಿ ರೇಡಿಯೋ ಅಂಕಿ ಓದಿತು. ಎಂಬತ್ತೇಳು. ಆರು. ಮೂವತ್ತೊಂದು. ಮಿಕ್ಕೆರಡು ಯಾರಿಗೂ ಕೇಳಿಸಲಿಲ್ಲ. ಅಂಗಳ ಹೊತ್ತಿಕೊಂಡಂತೆ ಎದ್ದಿತು. ಎಸ್ಸುಮಾನ್ ಅಂಕಿ ಬರೆದ ಪ್ಯಾಂಟನ್ನು ಬಾವುಟದಂತೆ ಬೀಸಿದ. ಪಾಪಾ ಆರ್ಥರ್ ಇಪ್ಪತ್ತು ವರ್ಷದ ತಮ್ಮ ಪಟ್ಟಿಯನ್ನು ಗೋಡೆಯಿಂದ ಕಿತ್ತು ಮಡಿಸಿಟ್ಟು, ಟೋಪಿ ಹಾಕಿಕೊಂಡು ನೆಟ್ಟಗೆ ಬೈಡು ಮನೆಯ ಜಾಗರಣೆಗೆ ಹೊರಟರು. ಅಷ್ಟು ಕೊಟ್ಟ ಅಜ್ಜಿಗೆ ಮೊದಲ ನಮಸ್ಕಾರ ತಮ್ಮದಾಗಬೇಕು.

"ನೀನು ಎಷ್ಟರದು ಕಟ್ಟಿದ್ದೆ?" ಎಂದು ಆಂಟಿ ಎಬೊನ ಕೆನ್ನೆ ಹಿಂಡಿದಳು.

"ನಾನು ಕಟ್ಟಲಿಲ್ಲ, ಆಂಟಿ."

ಆಂಟಿ ಅವನ ಕೆನ್ನೆ ಬಿಟ್ಟಳು. "ಓದಿರೋ ಮಕ್ಕಳ ಹಣೇಬರಹವೇ ಇಷ್ಟು," ಎಂದು ಉಳಿದವರ ಜೊತೆ ಕುಣಿಯಲು ಹೋದಳು.

ಅರ್ಧ ಗಂಟೆ ಕಳೆದಿರಬೇಕು. ಎಬೊನ ಬಾಗಿಲನ್ನು ಯಾರೋ ತಟ್ಟಿದರು. ಆ ಮನೆಯಲ್ಲಿ ಯಾರೂ ತಟ್ಟಿ ಬಂದವರಲ್ಲ. ತೆರೆದರೆ ವೋಫಾ ಬೈಡು. ಕಪ್ಪು ಕೆಂಪಿನ ಸಾವಿನುಡುಗೆಯಲ್ಲೇ ಜಾಗರಣೆ ಬಿಟ್ಟು ಬಂದಿದ್ದ. ಆಚೀಚೆ ಮನೆತನದ ಇಬ್ಬರು ಹಿರಿಯರು, ಅವರ ಕೈಯಲ್ಲಿ ಒಂದೊಂದು ಜಿನ್ ಬಾಟಲಿ. ಹಿಂದೆ ಪಾಪಾ ಆರ್ಥರ್. ಅವರ ಹಿಂದೆ ತಲೆ ತಗ್ಗಿಸಿದ ಅರಾಬಾ.

ಹಿರಿಯರಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡ. "ಈ ದಾರೀಲಿ ಹೋಗ್ತಿದ್ವಿ. ನಿಮ್ಮ ಅಂಗಳದಲ್ಲಿ ಒಂದು ಹೂವು ಕಾಣಿಸ್ತು. ನಮ್ಮ ಮನೆಗೆ ಒಯ್ಯೋಣ ಅಂತ ಆಸೆಯಾಯ್ತು. ಅಪ್ಪಣೆ ಆಗಬೇಕು."

ಇದು ಹೆಣ್ಣು ಕೇಳುವವರು ಬಾಗಿಲಲ್ಲಿ ಆಡುವ ಮಾತು. ಗಂಡಿನ ಕಡೆಯವರು ಆಡಬೇಕಾದ್ದು. ಭಾನುವಾರದವರೆಗೂ ಕಾಯಲಾರದೆ ವೋಫಾನೇ ಬಾಟಲಿ ಹಿಡಿದು ಬಂದಿದ್ದಾನೆ, ಚಿತ್ರ ಅಷ್ಟು ಹಿಡಿಸಿದೆ, ಹೂವೆಂದರೆ ತಾನೇ ಎಂದುಕೊಂಡ ಎಬೊ. ಕತ್ತಿನವರೆಗೆ ಕೆಂಪಾದ. ಅರಾಬಾ ತಲೆ ಅಲ್ಲಾಡಿಸುತ್ತಿದ್ದುದು ಅವನಿಗೆ ನಾಚಿಕೆಯಂತೆ ಕಂಡಿತು.

"ಹೂವು ನಿಮ್ಮದೇ, ವೋಫಾ," ಎಂದು ಎರಡೂ ಕೈ ಚಾಚಿ ಎರಡೂ ಬಾಟಲಿ ಇಸಿದುಕೊಂಡ. "ಯಾವಾಗ ಬೇಕಾದ್ರೂ ಒಯ್ಯಿರಿ."

"ಮಾತು ಕೊಟ್ಟ ಹಾಗಾಯ್ತು," ಎಂದ ಹಿರಿಯ. ಇಸಿದುಕೊಂಡ ಬಾಟಲಿಯನ್ನು ಹಿಂದಕ್ಕೆ ಕೊಡುವ ಪದ್ಧತಿ ಅಲ್ಲಿಲ್ಲ. ಇಬ್ಬರೂ ಎಬೊನ ಪಕ್ಕದಿಂದ ಹಾದು ಒಳಗೆ ಹೋಗಿ ಕಂಪ್ಯೂಟರಿನ ಡಬ್ಬಿಯ ಮುಂದೆ ಮಂಡಿಯೂರಿದರು.

ಪುಟ್ಟ ಪರದೆಯಲ್ಲಿ ಇನ್ನೂ ಎಂಬತ್ತೇಳು, ಒಂಬತ್ತು, ಮೂವತ್ತೊಂದು, ಐವತ್ತನಾಲ್ಕು, ಹದಿನಾಲ್ಕು ಉರಿಯುತ್ತಿದ್ದವು. ವೋಫಾ ಬೈಡು ಅದನ್ನು ನೋಡಿ ಕಣ್ಣೊರೆಸಿಕೊಂಡ. "ಅಮ್ಮನ ವಯಸ್ಸು. ನಾವು ಒಂಬತ್ತು ಜನ. ಮನೇಲಿ ಹೆತ್ತ ಮಕ್ಕಳಿದ್ದೂ ನಿನ್ನ ಅಂಗಳದಲ್ಲಿ ಬಂದು ಮಾತಾಡಿದಾಳೆ. ಹೋಗಲಿ, ಇನ್ನಾದ್ರೂ ಮನೆಗೆ ಬರಲಿ."

"ವೋಫಾ, ಆ ಅಂಕಿಗಳನ್ನ ಬರೆದೋನು ನಾನೇ," ಎಂದ ಎಬೊ.

"ಬರೆಸಿದ್ದು ಯಾರು?" ಎಂದರು ಪಾಪಾ ಆರ್ಥರ್. "ಭೂಮಿ ಮೇಲೆ ಇಷ್ಟೊಂದು ಅಂಕಿ ಇರುವಾಗ ಈ ಐದೇ ನಿನ್ನ ಬೆರಳಿಗೆ ಯಾಕೆ ಬಂದ್ವು, ಹೇಳು."

ಜನರನ್ನು ಸಾಗಹಾಕಲು ಸತ್ತವಳ ವಯಸ್ಸನ್ನು ಬಳಸಿದೆ ಎಂದು ಅವಳ ಮಗನ ಮುಂದೆ ಹೇಳಿ ಅರಾಬಾಳನ್ನು ಕೇಳುವುದು ಹೇಗೆ? ಎಬೊ ಮಾತು ಬದಲಿಸಿದ. "ಭಾನುವಾರ ನಾನು ತಟ್ಟೋದು, ವೋಫಾ?"

"ಬಾರಪ್ಪ, ತಟ್ಟು. ಯಾರು ಬೇಡ ಅಂದ್ರು?" ವೋಫಾ ಡಬ್ಬಿಯ ಧೂಳನ್ನು ತನ್ನ ಉಡುಗೆಯ ಅಂಚಿನಿಂದ ಒರೆಸಿದ. "ಆದ್ರೆ ಇಷ್ಟು ದಿನ ಮನೆಗೆ ನಾನು ದೊಡ್ಡೋನಾಗಿದ್ದೆ. ಇನ್ಮೇಲೆ ಅಮ್ಮ ಇದಾಳೆ. ಹೂಂ ಅನ್ನೋದು ಅವಳು. ನಿನ್ನ ಹೆಸರು ಹೇಳಿದಾಗ ಅಂಕಿ ಅಲ್ಲಾಡದೆ ನಿಂತರೆ ಬಾಗಿಲು ತೆಗೀತೀವಿ. ಪಾಪಾ ಆರ್ಥರ್ ಬಂದು ಉಸಿರು ಎಣಿಸ್ತೀನಿ ಅಂದಿದಾರೆ."

ಡಬ್ಬಿಯ ತಂತಿ ಕಿತ್ತೊಡನೆ ಎಬೊ ನಿಲ್ಲಿಸಿದ್ದ ಅಂಕಿಗಳು ಅಳಿಸಿಹೋದವು; ಇನ್ನು ಹಚ್ಚಿದರೆ ಕಾಣುವುದು ಕುಣಿಯುವ ಕಾವೇ. ಡಬ್ಬಿಯನ್ನು ಸಾವಿನ ಬಟ್ಟೆಯಲ್ಲಿ ಸುತ್ತಿ, ಹಿರಿಯನೊಬ್ಬ ತಲೆಯ ಮೇಲೆ ಹೊತ್ತ. ಹೆಂಗಸರು ಹಾಡುತ್ತ ಅಂಗಳದ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು. ಅರಾಬಾ ಒಂದು ಸಲ ತಿರುಗಿ ನೋಡಿ, ಮಾವನ ಹಿಂದೆ ನಡೆದಳು.

ಎರಡೂ ಕೈಯಲ್ಲಿ ಬಾಟಲಿ ಹಿಡಿದು ಎಬೊ ಬರಿದಾದ ಮೇಜಿನ ಮುಂದೆ ನಿಂತಿದ್ದ. ಆಂಟಿ ಎಕುವಾ ಬಂದು ಒಂದು ಬಾಟಲಿಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮುಚ್ಚಳ ತಿರುವಿದಳು.

"ಅಳಬೇಡಪ್ಪ, ಎಬೊ. ಮಗಳನ್ನ ಒಳ್ಳೆ ಮನೆಗೇ ಕೊಟ್ಟಿದೀಯ."